ಕಂಪನಿ ನಾಟಕದ ಇಪ್ಪತ್ತೇಳು ವರ್ಷ ಒಂದೇ ಸಾಲಿನಲ್ಲಿ ಮುಗಿಯಬೇಕೇ?

'ಹಳೇ ಮೊಕ್ಕಾಂ' ಎಂಬ ಹೆಸರಿನವರು ಕೇಳಿದ ಪ್ರಶ್ನೆ

ನಮ್ಮ ಊರಿನ ಕನ್ನಡ ಸಂಘದ ಮಾಸಪತ್ರಿಕೆಗೆ, ಗತಿಸಿದ ನಟನಟಿಯರ ಬಗ್ಗೆ ಎರಡೆರಡು ಪುಟದ ಪರಿಚಯ ಬರೆಯುವ ಕೆಲಸ ಒಂದು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಈವರೆಗೆ ಬರೆದ ಏಳು ಪರಿಚಯಗಳನ್ನು ಮೊನ್ನೆ ಒಟ್ಟಿಗೆ ಹರಡಿಕೊಂಡು ಓದಿದಾಗ ನನಗೇ ಸಂಕೋಚವಾಯಿತು. ಏಳೂ ಒಂದೇ ಎರಕದಲ್ಲಿ ಹೊಯ್ದಂತಿವೆ: ಹುಟ್ಟಿದ ಊರು, "ಚಿಕ್ಕಂದಿನಲ್ಲಿಯೇ ನಾಟಕ ಕಂಪನಿ ಸೇರಿದರು" ಎಂಬ ಒಂದು ಸಾಲು, ಆಮೇಲೆ ಚಲನಚಿತ್ರಗಳ ಪಟ್ಟಿ, ಕೊನೆಗೆ ತೀರಿಕೊಂಡ ವರ್ಷ.

ನರಸಿಂಹರಾಜು ಅವರ ಉದಾಹರಣೆಯನ್ನೇ ನೋಡಿ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಅವರು ನಾಲ್ಕು ವರ್ಷದ ಮಗುವಾಗಿದ್ದಾಗಲೇ ಸಿ.ಬಿ. ಮಲ್ಲಪ್ಪನವರ ಕಂಪನಿಯಲ್ಲಿ ಬಣ್ಣ ಹಚ್ಚಿದರು, ಮೊದಲ ಚಿತ್ರ 'ಬೇಡರ ಕಣ್ಣಪ್ಪ' ತೆರೆಗೆ ಬಂದದ್ದು 1954ರಲ್ಲಿ, ಕಾಲವಾದದ್ದು 1979ರಲ್ಲಿ. ಲೆಕ್ಕ ಹಾಕಿದರೆ ರಂಗದ ಮೇಲೆ ಇಪ್ಪತ್ತೇಳು ವರ್ಷ, ಚಿತ್ರರಂಗದಲ್ಲಿ ಇಪ್ಪತ್ತೈದು ವರ್ಷ. ಆದರೆ ನನ್ನ ಬರಹದಲ್ಲಿ ಮೊದಲಿನ ಇಪ್ಪತ್ತೇಳು ವರ್ಷಕ್ಕೆ ಸಿಕ್ಕಿದ್ದು ಹನ್ನೊಂದು ಪದ.

ಎಂ.ವಿ. ಸುಬ್ಬಯ್ಯನಾಯ್ಡು ಅವರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 1934ರ ಮಾರ್ಚ್ 3ರಂದು ಬಿಡುಗಡೆಯಾದ, ಕನ್ನಡದ ಮೊದಲ ವಾಕ್ಚಿತ್ರವೆಂದು ಹೆಸರಾದ 'ಸತಿ ಸುಲೋಚನಾ'ದಲ್ಲಿ ಇಂದ್ರಜಿತುವಾದವರು ಅವರು. ಆ ಚಿತ್ರದ ಪ್ರತಿಯೇ ಇಂದು ಉಳಿದಿಲ್ಲ. ಹೀಗಿರುವಾಗ ಅವರ ಅಭಿನಯ ಹೇಗಿತ್ತೆಂದು ಯಾವ ಧೈರ್ಯದ ಮೇಲೆ ಬರೆಯುವುದು?

ಇನ್ನೊಂದು ಸಣ್ಣ ವಿಚಾರವನ್ನೂ ಕೇಳಿಬಿಡುತ್ತೇನೆ. ನಮ್ಮ ಅಜ್ಜ ಒಂದು ಊರೂರು ತಿರುಗುವ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅವರ ಟ್ರಂಕಿನಲ್ಲಿದ್ದ ನಾಟಕದ ಹ್ಯಾಂಡ್‌ಬಿಲ್ಲುಗಳಲ್ಲಿ ಅರ್ಧದಷ್ಟನ್ನು, ಸ್ಕ್ಯಾನ್ ಮಾಡಿಕೊಡುವುದಾಗಿ ಹೇಳಿದ ಒಂದು ಅಂಗಡಿಯವರು ಕಳೆದುಹಾಕಿದರು. ಈಗ ಹನ್ನೊಂದು ಉಳಿದಿವೆ. ತೆಳುವಾದ ಗುಲಾಬಿ ಕಾಗದ. ಮೇಲೆ ದಪ್ಪ ಅಕ್ಷರದಲ್ಲಿ ನಾಟಕದ ಹೆಸರು. ಕೆಳಗೆ ಹೊಸ ಸೀನರಿಗಳ ವರ್ಣನೆ, ಟಿಕೇಟಿನ ದರ, ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವಿದೆಯೆಂಬ ಸೂಚನೆ. ವಾರ, ತಾರೀಖು, ತಿಂಗಳು ಎಲ್ಲವೂ ಇವೆ, ಇಸವಿ ಮಾತ್ರ ಒಂದರಲ್ಲೂ ಇಲ್ಲ. ಹಿಂಬದಿಯಲ್ಲಿ ಅಜ್ಜನ ಪೆನ್ಸಿಲ್ ಬರಹವಿದೆ: "ರಾ – ಕ 3, ಸ್ತ್ರೀ – ಕ 4, ಹಾ – ಬಿ 1". ಇದು ಸಂಬಳದ ಲೆಕ್ಕವೋ ಕುರ್ಚಿಯ ಲೆಕ್ಕವೋ ನನಗೆ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಪೆಟ್ಟಿಗೆ ಮಾಸ್ತರು ಬರೆದದ್ದು

ಸ್ವಾಮಿ, ಅದು ಸಂಬಳವೂ ಅಲ್ಲ, ಕುರ್ಚಿಯೂ ಅಲ್ಲ; ಶ್ರುತಿ, ಅಂದರೆ ಹಾಡುವವನ ಆಧಾರ ಸ್ವರ. 'ಕ' ಎಂದರೆ ಹಾರ್ಮೋನಿಯಂನ ಕಪ್ಪು ಮನೆ, 'ಬಿ' ಎಂದರೆ ಬಿಳಿ ಮನೆ, ಅಂಕಿ ಆ ಮನೆಯ ಕ್ರಮಸಂಖ್ಯೆ; ಅದು ಹೆಚ್ಚಿದಂತೆ ಶ್ರುತಿಯೂ ಏರುತ್ತದೆ. 'ರಾ' ಎಂಬುದು ರಾಜಾಪಾರ್ಟು ಅಂದರೆ ನಾಯಕನ ಪಾತ್ರ, 'ಸ್ತ್ರೀ' ಎಂಬುದು ಸ್ತ್ರೀಪಾರ್ಟು, 'ಹಾ' ಎಂಬುದು ಹಾಸ್ಯಪಾರ್ಟು. ಒಂದೇ ನಾಟಕದಲ್ಲಿ ಒಬ್ಬೊಬ್ಬ ನಟನ ಶ್ರುತಿಯೂ ಒಂದೊಂದು ಬಗೆಯಾಗಿದ್ದುದರಿಂದ, ಯಾರು ರಂಗಕ್ಕೆ ಬರುವ ಹೊತ್ತಿಗೆ ಬೆರಳು ಯಾವ ಮನೆಯ ಮೇಲಿರಬೇಕೆಂದು ಹಾರ್ಮೋನಿಯಂನವರು ಹೀಗೆ ಗುರುತು ಹಾಕಿಕೊಳ್ಳುತ್ತಿದ್ದರು. ನಾಯಕನಿಗೆ ಕಪ್ಪು ಮೂರು ಎಂದರೆ ಗಂಡುದನಿಗೆ ಬಹಳ ಎತ್ತರದ ಶ್ರುತಿ. ಮೈಕಿಲ್ಲದ ಕಾಲದಲ್ಲಿ, ತಗಡಿನ ಥಿಯೇಟರಿನ ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತವನಿಗೂ ಕಂದಪದ್ಯದ ಕೊನೆಯ ಅಕ್ಷರ ಮುಟ್ಟಬೇಕಾಗಿತ್ತು. ಆ ಅಗತ್ಯವೇ ಕಂಪನಿ ನಟನ ಕಂಠವನ್ನೂ ನಿಲುವನ್ನೂ ಉಸಿರನ್ನೂ ರೂಪಿಸಿತು.

ನಿಮ್ಮ ದೊಡ್ಡ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆಂದು ನನ್ನ ಅಭಿಪ್ರಾಯ. ರಂಗದ ವರ್ಷಗಳು ಚಿತ್ರಗಳ ಒಳಗೇ ಅಡಗಿ ಕುಳಿತಿವೆ. ಪಟ್ಟಿ ಮಾಡುವ ಬದಲು ಚಿತ್ರವನ್ನು ಕೂತು ನೋಡಬೇಕು. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿ ನಾಟಕಗಳ ಅಬ್ಬರದ ಪಾತ್ರಗಳಿಗೆ ಹೆಸರಾದ ನಟರು. ಮಗ ಮುತ್ತುರಾಜ ಆ ಪಾತ್ರಗಳನ್ನು ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡುತ್ತ ಬೆಳೆದವರು. 1958ರ 'ಭೂಕೈಲಾಸ'ದ ರಾವಣನನ್ನೂ 1983ರ 'ಭಕ್ತ ಪ್ರಹ್ಲಾದ'ದ ಹಿರಣ್ಯಕಶಿಪುವನ್ನೂ ಒಂದರ ಹಿಂದೆ ಒಂದಾಗಿ ನೋಡಿದರೆ, ಮಾತು ಮುಗಿದ ಮೇಲೂ ಕಾಲನ್ನು ಕದಲಿಸದೆ ನಿಂತು ಸಭೆಯನ್ನು ಒಮ್ಮೆ ದಿಟ್ಟಿಸುವ ಆ ಕ್ಷಣದಲ್ಲಿ ಕಂಪನಿಯ ರಾಜಾಪಾರ್ಟೇ ನಮ್ಮೆದುರು ನಿಲ್ಲುತ್ತದೆ. ಹಾಡಿನ ವಿಷಯವೂ ಹಾಗೆಯೇ. 1974ರಲ್ಲಿ 'ಸಂಪತ್ತಿಗೆ ಸವಾಲ್'ನಲ್ಲಿ ಅವರು ಹಾಡಿದಾಗ, ನಾಯಕನಟ ಗಾಯಕನೂ ಆದನೆಂದು ಹೊಸ ತಲೆಮಾರು ಬೆರಗಾಯಿತು. ಹಾಡಲು ಬಾರದವನಿಗೆ ಕಂಪನಿಯಲ್ಲಿ ರಾಜಾಪಾರ್ಟೇ ಸಿಗುತ್ತಿರಲಿಲ್ಲವೆಂಬುದನ್ನು ಬಲ್ಲ ಹಳಬರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಅಲ್ಲಿಯವರೆಗೆ ಪಿ.ಬಿ. ಶ್ರೀನಿವಾಸ್ ಅವರ ಮಧುರ ಕಂಠದ ಹಿಂದೆ ಆ ದನಿ ಬಹುಮಟ್ಟಿಗೆ ಸುಮ್ಮನಿತ್ತು, ಅಷ್ಟೇ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ, ಏಕೆಂದರೆ ಈ ತಪ್ಪನ್ನು ಅಚ್ಚಿನಲ್ಲಿಯೂ ಕಂಡಿದ್ದೇನೆ. ಗುಬ್ಬಿ ವೀರಣ್ಣನವರ ಕಂಪನಿಯ 'ಕುರುಕ್ಷೇತ್ರ' ನಾಟಕವನ್ನು ಬರೆದವರು ಬಿ. ಪುಟ್ಟಸ್ವಾಮಯ್ಯನವರು, ಅವರು ಪತ್ರಕರ್ತರು, ಕಾದಂಬರಿಕಾರರು. ರಾಜಕುಮಾರ್ ಅವರ ತಂದೆ ಬೇರೆ, ಇವರು ಬೇರೆ. ಇಬ್ಬರನ್ನೂ ಒಬ್ಬರನ್ನಾಗಿ ಮಾಡಬೇಡಿ.

ಮಲಪ್ರಭೆ ತೀರದವಳು ಬರೆದದ್ದು

ಮಾಸ್ತರರ ಮಾತನ್ನು ಗೌರವದಿಂದಲೇ ಒಪ್ಪುತ್ತ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಚಿತ್ರದಲ್ಲಿ ರಂಗವನ್ನು ಹುಡುಕಬೇಕೆಂಬ ಸೂತ್ರವು ಚಿತ್ರರಂಗಕ್ಕೆ ಹೋಗಿ ಹೆಸರು ಮಾಡಿದವರಿಗೆ ಮಾತ್ರ ಅನ್ವಯಿಸುತ್ತದೆ. ರಂಗವನ್ನೇ ನೆಚ್ಚಿ ಬಾಳಿದವರ ಗತಿ ಏನು?

ನಮ್ಮ ಭಾಗದ ಏಣಗಿ ಬಾಳಪ್ಪನವರನ್ನು ನೆನೆಯಿರಿ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2017ರ ಆಗಸ್ಟ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡ ಅವರು ಹರೆಯದಲ್ಲಿ ಸ್ತ್ರೀಪಾರ್ಟು ಮಾಡಿದವರು. ಮುಂದೆ ಕಲಾವೈಭವ ನಾಟ್ಯಸಂಘದ ಮಾಲೀಕರಾಗಿ, 'ಜಗಜ್ಯೋತಿ ಬಸವೇಶ್ವರ'ದ ಬಸವಣ್ಣನಾಗಿ ಊರೂರಿನ ಮನೆಮಾತಾದವರು. ಸೀರೆಯುಟ್ಟು ನಡೆಯುವುದನ್ನು ಕಲಿತ ದೇಹ ಬಸವಣ್ಣನ ವಿನಯವನ್ನು ಹೇಗೆ ನಡೆಯಿತು ಎಂಬುದೇ ಅವರ ಕಲಾಜೀವನದ ತಿರುಳೆಂದು ನಾನು ಭಾವಿಸಿದ್ದೇನೆ. ಅದನ್ನು ಯಾವ ಚಿತ್ರದ ಪಟ್ಟಿಯೂ ಹೇಳಲಾರದು. ಅವರು ಕಂಪನಿಯ ಮಾಲೀಕರೂ ಆಗಿದ್ದರೆಂಬುದನ್ನು ಮರೆಯಬೇಡಿ. ಮಳೆಗಾಲದಲ್ಲಿ ಕ್ಯಾಂಪು ಮುಳುಗಿದರೂ ನಲವತ್ತು–ಐವತ್ತು ಜನರ ಒಲೆ ಉರಿಯಲೇಬೇಕು. ಸಂಜೆ ಗಲ್ಲೆಯ (ಹಣದ ಪೆಟ್ಟಿಗೆಯ) ಲೆಕ್ಕ ನೋಡಿದವನೇ ರಾತ್ರಿ ಬಣ್ಣ ಹಚ್ಚಿ ವಚನ ಹೇಳಬೇಕು. ಮಾಲೀಕ-ನಟರ ಬದುಕನ್ನು ಬರೆಯುವವರು ಈ ಭಾಗವನ್ನು ವ್ಯವಹಾರವೆಂದು ಬಿಟ್ಟುಬಿಡುತ್ತಾರೆ. ಅದು ವ್ಯವಹಾರವಲ್ಲ, ಅದೂ ಬದುಕೇ.

ಮೈಸೂರು ಕಡೆಯ ಆರ್. ನಾಗರತ್ನಮ್ಮನವರ ವಿಷಯವಂತೂ ಇದಕ್ಕೆ ತದ್ವಿರುದ್ಧವಾದ ಅದ್ಭುತ. ಗಂಡಸರು ಹೆಣ್ಣಾಗುತ್ತಿದ್ದ ರಂಗದಲ್ಲಿ, 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣ, ದುರ್ಯೋಧನರಂಥ ಪಾತ್ರಗಳಲ್ಲಿ ಅವರೇ ಮೆರೆದರು. ಪದ್ಮಶ್ರೀ ಬಂದದ್ದು 2012ರಲ್ಲಿ; ಅದೇ ವರ್ಷ ಅವರು ತೀರಿಕೊಂಡರು. ಪ್ರಶಸ್ತಿಯ ಇಸವಿಯಿಂದ ಪರಿಚಯವನ್ನು ಆರಂಭಿಸಿದರೆ ಓದುಗನಿಗೆ ಕಾಣುವುದು ಒಬ್ಬ ವೃದ್ಧೆ. ಗದೆ ಹಿಡಿದು ತೊಡೆ ತಟ್ಟಿದ ದುರ್ಯೋಧನನಿಂದ ಆರಂಭಿಸಿ ನೋಡಿ.

ಎರಡನೇ ಬೆಲ್ ಬರೆದದ್ದು

ಹ್ಯಾಂಡ್‌ಬಿಲ್ಲಿನ ಇಸವಿಯ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ತಾರೀಖು, ತಿಂಗಳು, ವಾರ ಮೂರೂ ಇದ್ದರೆ ಹಳೆಯ ಪಂಚಾಂಗವನ್ನು ಇಟ್ಟುಕೊಂಡು ಇಸವಿಯನ್ನು ಬಹಳಷ್ಟು ಕಿರಿದುಗೊಳಿಸಬಹುದು. ಒಂದು ತಾರೀಖು ಅದೇ ವಾರಕ್ಕೆ ಮರಳಿ ಬರಲು ಐದು, ಆರು ಅಥವಾ ಹನ್ನೊಂದು ವರ್ಷ ಬೇಕು. ಟಿಕೇಟಿನ ದರ ಆಣೆಯಲ್ಲಿದೆಯೋ ನಯೇ ಪೈಸೆಯಲ್ಲಿದೆಯೋ ನೋಡಿ. 1957ರ ಏಪ್ರಿಲ್‌ನಿಂದ ದಶಮಾಂಶ ನಾಣ್ಯ ಬಂತು. ಕಾಗದದ ಕೊನೆಯ ಅಂಚಿನಲ್ಲಿ ಮುದ್ರಣಾಲಯದ ಹೆಸರಿದ್ದರೆ ಮೊಕ್ಕಾಂ (ಕಂಪನಿಯ ಬಿಡಾರ) ಯಾವ ಊರಿನದೆಂದು ಊಹಿಸಲೂಬಹುದು.

ಇನ್ನು ನಟರ ವಿಷಯ. 'ರಂಗಭೂಮಿಯಿಂದ ಬಂದವರು' ಎಂಬ ಒಂದೇ ಚೀಲಕ್ಕೆ ಎಲ್ಲರನ್ನೂ ತುಂಬುವುದು ನನಗೆ ಸರಿಕಾಣುವುದಿಲ್ಲ. ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್ (2004ರಲ್ಲಿ ತೀರಿಕೊಂಡರು) 'ಭೂತಯ್ಯನ ಮಗ ಅಯ್ಯು'ದಲ್ಲಿ ದನಿಯನ್ನು ತಗ್ಗಿಸಿ, ಕಣ್ಣಿನಿಂದ ಅಭಿನಯಿಸಿದವರು. ತಂದೆಯದು ಕಂಪನಿಯ ರಂಗ, ಮಗನದು ಬೆಂಗಳೂರಿನ ಹವ್ಯಾಸಿ ರಂಗ. ಒಂದೇ ಮನೆಯೊಳಗೆ ಎರಡು ಶಾಲೆ. ಸಿ.ಆರ್. ಸಿಂಹ, ಶಂಕರ್ ನಾಗ್ ಇವರೂ ಕಂಪನಿಯವರಲ್ಲ, ಹವ್ಯಾಸಿ ರಂಗದವರೇ. ಇವರ ಪರಿಚಯದಲ್ಲಿ 'ನಾಟಕ' ಎಂಬ ಪದ ಬಂದಾಗ ಅದು ಯಾವ ನಾಟಕವೆಂದು ಹೇಳಲೇಬೇಕು. ವಜ್ರಮುನಿಯವರಾದರೋ 'ಪ್ರಚಂಡ ರಾವಣ'ನಾಗಿ ರಂಗದಲ್ಲಿ ಹೆಸರು ಮಾಡಿ, 1969ರ 'ಮಲ್ಲಮ್ಮನ ಪವಾಡ'ದಿಂದ ತೆರೆಗೆ ಬಂದವರು. ಆ ರಾವಣ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಬಾಲಣ್ಣನವರ (ಟಿ.ಎನ್. ಬಾಲಕೃಷ್ಣ, ತೀರಿಕೊಂಡದ್ದು 1995ರಲ್ಲಿ) ಬಗ್ಗೆ ಬರೆಯುವುದಾದರೆ ಅವರ ಕಿವಿಯಿಂದ ಆರಂಭಿಸಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆಯನ್ನು ನೋಡಿಯೇ ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದರು. ಇದನ್ನು ತಿಳಿದ ಮೇಲೆ 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ಇನ್ನೊಮ್ಮೆ ನೋಡಿ. ಎದುರಿನವರ ಮುಖವನ್ನು ಅವರು ಬಿಟ್ಟೂ ಬಿಡದೆ ಗಮನಿಸುವ ಆ ಏಕಾಗ್ರತೆಯನ್ನು ನಾವು ಇಷ್ಟು ದಿನ ಬರೀ ಪಾತ್ರದ ಚುರುಕುತನವೆಂದು ತಿಳಿದಿದ್ದೆವು.

ಪೆಟ್ಟಿಗೆ ಮಾಸ್ತರು ಮತ್ತೆ ಬರೆದದ್ದು

ಮಲಪ್ರಭೆಯಮ್ಮನವರ ಆಕ್ಷೇಪ ನ್ಯಾಯವಾದದ್ದು; ನನ್ನ ಸೂತ್ರ ಅರ್ಧ ಮಾತ್ರ ಎಂದು ಒಪ್ಪುತ್ತೇನೆ. ಸುಬ್ಬಯ್ಯನಾಯ್ಡು ಅವರಿಗೆ ಒಂದು ದಾರಿ ತೋಚುತ್ತದೆ. ಅವರನ್ನು ಒಬ್ಬರನ್ನೇ ಬರೆಯಬೇಡಿ, ಜೋಡಿಯಾಗಿ ಬರೆಯಿರಿ. ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯಲ್ಲಿ ಅವರೊಂದಿಗಿದ್ದ ಆರ್. ನಾಗೇಂದ್ರರಾಯರು 'ಸತಿ ಸುಲೋಚನಾ'ದಲ್ಲಿ ರಾವಣನಾದವರು. 1977ರವರೆಗೆ ಬದುಕಿದ್ದು, 1968ರ 'ಹಣ್ಣೆಲೆ ಚಿಗುರಿದಾಗ'ದಲ್ಲಿ ವಯಸ್ಸಾದ ಮನೆಯ ಹಿರಿಯನಾಗಿ ಕಾಣುತ್ತಾರೆ. ಕೊಲ್ಲಾಪುರದ ಸ್ಟುಡಿಯೋದಲ್ಲಿ ಲಂಕೆಯನ್ನಾಳಿದ ಅದೇ ದೇಹ ಮೂವತ್ತನಾಲ್ಕು ವರ್ಷದ ಮೇಲೆ ಎಷ್ಟು ಮೆಲ್ಲಗೆ ಮಾತನಾಡುತ್ತದೆಂಬುದನ್ನು ನೋಡಿದರೆ, ಕಂಪನಿಯ ಆ ತಲೆಮಾರು ಅಬ್ಬರ ಒಂದನ್ನೇ ಕಲಿತಿತ್ತೆಂಬ ನಮ್ಮ ಕಲ್ಪನೆ ಸಡಿಲವಾಗುತ್ತದೆ. ಉಳಿದವನ ಮೂಲಕ ಅಳಿದವನನ್ನು ಊಹಿಸಬಹುದು. ಊಹೆ ಎಂದು ಸ್ಪಷ್ಟವಾಗಿ ಬರೆದರೆ ತಪ್ಪಿಲ್ಲ.

ಹಾಗೆಯೇ 1934ನ್ನು ಬರೀ ಮೊದಲ ವಾಕ್ಚಿತ್ರದ ವರ್ಷವೆಂದು ಬರೆಯಬೇಡಿ. ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನು ರಂಗಕ್ಕೆ ತಂದು 'ಕುರುಕ್ಷೇತ್ರ'ವನ್ನು ಆಡಿಸಿದ್ದೂ ಅದೇ ವರ್ಷ. ಸಿನಿಮಾ ಬಂದ ಕೂಡಲೇ ಕಂಪನಿಗಳು ಕಣ್ಣುಮುಚ್ಚಲಿಲ್ಲ. 1950ರ ದಶಕದ ಕೊನೆಗೆ ಚಿತ್ರಗಳ ಅವಕಾಶ ತೆಳುವಾದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲ ಕಲಾವಿದರ ಸಂಘ ಕಟ್ಟಿಕೊಂಡು ಮತ್ತೆ ಊರೂರಿನಲ್ಲಿ ನಾಟಕವಾಡಿದರು. ಆ ಸಂಘವೇ 1960ರಲ್ಲಿ 'ರಣಧೀರ ಕಂಠೀರವ'ವನ್ನು ತೆರೆಗೆ ತಂದಿತು. ರಂಗದಿಂದ ಚಿತ್ರಕ್ಕೆ ಹೋದದ್ದು ಒಂದೇ ದಿಕ್ಕಿನ ಪ್ರಯಾಣವಾಗಿರಲಿಲ್ಲ.

ಹಳೇ ಮೊಕ್ಕಾಂ ಮರಳಿ ಬರೆದದ್ದು

ಎಲ್ಲರಿಗೂ ಕೃತಜ್ಞತೆಗಳು. ನರಸಿಂಹರಾಜು ಅವರ ಪರಿಚಯವನ್ನು ತಿಪಟೂರಿನಿಂದಲ್ಲ, ನಾಲ್ಕು ವರ್ಷದ ಮಗುವಿನ ಮುಖಕ್ಕೆ ಬಣ್ಣ ಹಚ್ಚುವ ಕೈಯಿಂದ ಆರಂಭಿಸಿ ಮತ್ತೆ ಬರೆಯುತ್ತಿದ್ದೇನೆ.

ಮಾಸ್ತರರು ಶ್ರುತಿಯ ಗುಟ್ಟನ್ನು ಬಿಡಿಸಿದ ಮೇಲೆ ಹನ್ನೊಂದು ಕಾಗದಗಳನ್ನೂ ತಿರುವಿಹಾಕಿ ನೋಡಿದೆ. ಒಂದೇ ನಾಟಕದ ಎರಡು ಹ್ಯಾಂಡ್‌ಬಿಲ್ಲುಗಳಿವೆ. ಒಂದರಲ್ಲಿ ದರ ಆಣೆಯಲ್ಲಿದೆ, ಇನ್ನೊಂದರಲ್ಲಿ ನಯೇ ಪೈಸೆಯಲ್ಲಿ. ನಾಯಕನ ಹೆಸರು ಎರಡರಲ್ಲೂ ಒಂದೇ, ಅದೇ ದಪ್ಪ ಅಕ್ಷರ. ಮೊದಲನೆಯದರ ಹಿಂದೆ "ರಾ – ಕ 3" ಎಂದಿದೆ. ಎರಡನೆಯದರ ಹಿಂದೆಯೂ ಅಜ್ಜ ಮೊದಲು ಹಾಗೆಯೇ ಬರೆದು, ಮೂರನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕದಾಗಿ 2 ಎಂದು ಬರೆದಿದ್ದಾರೆ.