ಉಗಾಂಡಾದ ಅಂಗಡಿಗೆ 25 ಡಾಲರ್: ದಾನವೋ, ಬಡ್ಡಿ ವ್ಯಾಪಾರವೋ?

ಮೇಕೇರಿ ಮಾವ: ಅಮೆರಿಕದಲ್ಲಿರುವ ಮಗಳು ಈ ಸಲ ಹುಟ್ಟುಹಬ್ಬಕ್ಕೆ ಸ್ವೆಟರ್ ಬದಲು ಕೀವಾದ (ಬೇರೆ ಬೇರೆ ದೇಶದ ಬಡವರಿಗೆ ನಮ್ಮಂಥವರಿಂದ ಸಣ್ಣ ಸಾಲ ಕೊಡಿಸುವ ವೆಬ್‌ಸೈಟು) 25 ಡಾಲರ್ ಗಿಫ್ಟ್ ಕಾರ್ಡ್ ಕಳಿಸಿದ್ದಾಳೆ. ತೆರೆದು ನೋಡಿದರೆ ಸಾಲ ಕೇಳುವವರ ಫೋಟೋ ಸಾಲುಸಾಲಾಗಿ. ಉಗಾಂಡಾದಲ್ಲಿ ಅಕ್ಕಿ, ಸಕ್ಕರೆ, ಸೋಪು ಮಾರುವ ಒಬ್ಬ ಹೆಂಗಸಿನ ಅಂಗಡಿಗೆ ಹಾಕಿದೆ. ಅವರೂ ನಮ್ಮ ಹಾಗೆ ರೋಬಸ್ಟಾ ಕಾಫಿ ಬೆಳೆಯುವ ದೇಶದವರು, ದೂರದ ನೆಂಟರ ಹಾಗೆ ಕಂಡರು. ಬಡ್ಡಿ ಇಲ್ಲ, ಅಸಲು ಕಂತಿನಲ್ಲಿ ವಾಪಸ್ ಬರುತ್ತೆ, ಬಂದದ್ದನ್ನು ಇನ್ನೊಬ್ಬರಿಗೆ ಹಾಕಬಹುದು. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದಾಗ ಯಾರ್ಯಾರೋ ಲಾರಿ ತುಂಬ ಅಕ್ಕಿ, ಕಂಬಳಿ ಕಳಿಸಿದ್ದರಲ್ಲ, ಆ ಋಣ ನೆನಪಾಯಿತು. ಇಲ್ಲಿ ಬೇರೆ ಯಾರಾದರೂ ಹೀಗೆ ಹಾಕಿದ್ದೀರಾ?

ಪೊನ್ನಂಪೇಟೆ ಕರಿಮೆಣಸು: "ಬಡ್ಡಿ ಇಲ್ಲ" ಅಂದ್ರಲ್ಲ ಮಾವ, ಯಾರಿಗೆ ಇಲ್ಲ? ನಿಮಗೆ ಬರೋದಿಲ್ಲ ಅಷ್ಟೇ. ಆಕೆಗೆ ಸಾಲ ಕೊಡೋದು ಅಲ್ಲಿನ ಒಂದು ಸಂಸ್ಥೆ, ಅದು ಬಡ್ಡಿ ಹಾಕಿಯೇ ವಸೂಲಿ ಮಾಡುತ್ತೆ. ಇನ್ನೊಂದು ವಿಷಯ. ನೀವು ಫೋಟೋ ಒತ್ತುವ ಹೊತ್ತಿಗೆ ಸಾಮಾನ್ಯವಾಗಿ ದುಡ್ಡು ಆಕೆಯ ಕೈಸೇರಿ ಆಗಿರುತ್ತೆ. 2009ರಲ್ಲೇ ಡೇವಿಡ್ ರೂಡ್‌ಮನ್ ಅನ್ನುವ ಸಂಶೋಧಕರು ಇದನ್ನು ಬಿಡಿಸಿ ಬರೆದ ಮೇಲೆ ಕೀವಾದವರು ತಮ್ಮ ಸೈಟಿನ ಒಕ್ಕಣೆಯನ್ನೇ ತಿದ್ದಿದರು.

ಮೇಕೇರಿ ಮಾವ: ಕೈಸೇರಿ ಆಗಿದ್ದರೆ ಒಳ್ಳೇದೇ ಆಯ್ತಲ್ಲ! ನನ್ನ ದುಡ್ಡಿಗೆ ಕಾಯುತ್ತಾ ಕೂತಿಲ್ಲ ಅಂತಾಯ್ತು.

ಹಳೇ ಕ್ಯಾಷಿಯರ್: ಕರಿಮೆಣಸಿನವರಿಗೆ "ಬಡ್ಡಿ" ಅಂದರೆ ಸಾಕು, ಖಾರ ಹತ್ತುತ್ತೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಲ್ಲಿ ಕೂತವನು ಹೇಳ್ತೀನಿ. ಹತ್ತು ಲಕ್ಷದ ಒಂದು ಸಾಲ ನೋಡಿಕೊಳ್ಳೋದೂ ಹತ್ತು ಸಾವಿರದ ನೂರು ಸಾಲ ನೋಡಿಕೊಳ್ಳೋದೂ ಒಂದೇನಾ? ವಾರವಾರ ಮನೆಬಾಗಿಲಿಗೆ ಹೋಗುವವನಿಗೆ ಸಂಬಳ ಬೇಡವಾ? ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದ ಜೋಬ್ರಾ ಹಳ್ಳಿಯಲ್ಲಿ 42 ಜನಕ್ಕೆ ಕೊಟ್ಟಿದ್ದು ಒಟ್ಟು 27 ಡಾಲರ್. ಅದೇ ಬೆಳೆದು 1983ರಲ್ಲಿ ಅಲ್ಲಿನ ಗ್ರಾಮೀಣ ಬ್ಯಾಂಕ್ ಆಯ್ತು, 2006ರಲ್ಲಿ ನೊಬೆಲ್ ಬಂತು. ನಮ್ಮ ಕಡೆಯೇ ನೋಡಿ. ಕೈಸಾಲಕ್ಕೆ ನೂರಕ್ಕೆ ಐದು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 60 ಪರ್ಸೆಂಟ್. ಸಂಘದ ಸಾಲ 12 ಪರ್ಸೆಂಟ್. ಯಾವುದು ವಾಸಿ?

ಸಂತೆ ಅಕ್ಕ: 12ಕ್ಕೆ ಎಲ್ಲಿ ಕೊಡ್ತಾರೆ ಸಾರ್? ವಿಳಾಸ ಹಾಕಿ, ಈಗಲೇ ಹೊರಟೆ. ನಾನು ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಒಣಮೀನು ಮಾರುವವಳು. ಹತ್ತು ಸಾವಿರ ತಗೊಂಡೆ, ವಾರಕ್ಕೆ 224ರಂತೆ 50 ವಾರ ಕಟ್ಟಿದೆ.

ಹಳೇ ಕ್ಯಾಷಿಯರ್: 224 ಗುಣಿಸು 50, ಒಟ್ಟು 11,200. ಅಸಲು ಹತ್ತು ಸಾವಿರ ಕಳೆದರೆ 1,200. ಹನ್ನೆರಡೇ ಆಯ್ತಲ್ಲಮ್ಮ! ನಿಮ್ಮ ಲೆಕ್ಕವೇ ನನ್ನ ಸಾಕ್ಷಿ.

ಕುಶಾಲನಗರದ ಹುಡುಗ: ಸಾರ್, ಬ್ಯಾಂಕಿನಲ್ಲಿದ್ದವರು ನೀವು ಹೀಗೆ ಹೇಳಬಾರದು. ಆ ಹತ್ತು ಸಾವಿರ ವರ್ಷಪೂರ್ತಿ ಅಕ್ಕನ ಹತ್ತಿರ ಇರಲಿಲ್ಲ. ಮೊದಲ ವಾರದಿಂದಲೇ ವಾಪಸ್ ಹೋಗ್ತಾ ಇತ್ತು. ಸರಾಸರಿ ಅವರ ಕೈಯಲ್ಲಿ ಇದ್ದದ್ದು ಸುಮಾರು ಅರ್ಧ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ವಾರಕ್ಕೆ 0.454, ವರ್ಷಕ್ಕೆ 23.6 ಪರ್ಸೆಂಟ್.

ಪೊನ್ನಂಪೇಟೆ ಕರಿಮೆಣಸು: ಹಾಗಾದರೆ ಹೆಚ್ಚುಕಡಿಮೆ ನೂರಕ್ಕೆ ಎರಡು ರೂಪಾಯಿ ಬಡ್ಡಿ! ಊರ ಸಾಹುಕಾರನ ಹತ್ತಿರ ಚಿನ್ನ ಇಟ್ಟರೂ ಅಷ್ಟೇ ಅಲ್ಲವಾ. ನೊಬೆಲ್ ಅವನಿಗೂ ಕೊಡಿಸಿ ಕ್ಯಾಷಿಯರ್ ಸಾರ್.

ಹಳೇ ಕ್ಯಾಷಿಯರ್: ಚಿನ್ನ ಇದ್ದವರು ಸಂಘಕ್ಕೆ ಯಾಕೆ ಬರ್ತಾರೆ? ಮತ್ತೆ ಹುಡುಗ, ನಿನ್ನ 23.6 ತಪ್ಪು. ನೀನು ವರ್ಷಕ್ಕೆ 52 ವಾರ ಹಿಡಿದಿದ್ದೀಯ. ಸಾಲ ಇರೋದು 50 ವಾರ.

ಕುಶಾಲನಗರದ ಹುಡುಗ: ವರ್ಷಕ್ಕೆ ಅಂದಮೇಲೆ 52 ತಾನೇ ಹಿಡಿಯಬೇಕು? ಇರಲಿ, 50ರಲ್ಲೇ ಗುಣಿಸಿ, 22.7 ಬರುತ್ತೆ. ನಿಮ್ಮ 12 ಎಲ್ಲಿ ಹೋಯ್ತು?

ಹಳೇ ಕ್ಯಾಷಿಯರ್: ನೋಡಿ, ಆಗಲೇ 23.6 ಇದ್ದದ್ದು 22.7ಕ್ಕೆ ಬಂತು. ಇನ್ನೂ ಸ್ವಲ್ಪ ಮಾತಾಡಿದರೆ 12ಕ್ಕೆ ಇಳೀತಾನೆ.

ಸಂತೆ ಅಕ್ಕ: ನನ್ನ ಒಣಮೀನು ನಾರೋದಕ್ಕಿಂತ ಜೋರಾಗಿ ನಿಮ್ಮ ಗುಣಾಕಾರ ನಾರ್ತಾ ಇದೆ. 12ಓ 24ಓ, ನನಗೆ ಕಷ್ಟ ಆಗಿದ್ದು ಅದಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಸಂತೆಗೆ ಜನವೇ ಬರಲ್ಲ, ಆದರೆ ಕಂತಿನವರು ತಪ್ಪದೆ ಬರ್ತಾರೆ. ಸಂಘದಲ್ಲಿ ಹತ್ತು ಜನ, ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಜನ ಅವಳ ಮನೆ ಮುಂದೆ ಕೂರಬೇಕು. ಕೂತಿದ್ದೇನೆ. ಅವಳು ನನ್ನ ಓರಗಿತ್ತಿಯ ತಂಗಿ. ಈಗಲೂ ಮಾತಾಡಲ್ಲ.

ಹಳೇ ಕ್ಯಾಷಿಯರ್: "50 ವಾರ" ಅಂತ ನೀವೇ ಬರೆದದ್ದು ತಾನೇ ಅಮ್ಮ? ಅಷ್ಟು ಖಚಿತ ಮಾಡಿ.

ಕುಶಾಲನಗರದ ಹುಡುಗ: ಅಕ್ಕ ಹೇಳಿದ್ದೇ 2010ರಲ್ಲಿ ಆಂಧ್ರದಲ್ಲಿ ದೊಡ್ಡದಾಗಿ ಆಯ್ತು. ಸಾಲ ತೀರಿಸೋಕೆ ಸಾಲ, ಮನೆ ಮುಂದೆ ಗಲಾಟೆ, ಆತ್ಮಹತ್ಯೆಗಳು. ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ನಮ್ಮ ಕರ್ನಾಟಕದಲ್ಲೂ 2025ರ ಫೆಬ್ರವರಿಯಲ್ಲಿ ಬಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅಧ್ಯಯನ ಬೇಕಾದರೆ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ ಇಂಥ ಸಾಲದಿಂದ ಏನಾಗುತ್ತೆ ಅಂತ ಹೈದರಾಬಾದಿನ 104 ಬಡಾವಣೆಗಳಲ್ಲಿ ನೋಡಿತು. ಶಿಕ್ಷಣ, ಆರೋಗ್ಯ, ಹೆಂಗಸರ ಮಾತಿಗೆ ಬೆಲೆ, ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ.

ಹಳೇ ಕ್ಯಾಷಿಯರ್: ಅದೇ ಅಧ್ಯಯನದಲ್ಲಿ ಮೊದಲೇ ಅಂಗಡಿ ಇದ್ದವರು ಅಂಗಡಿಗೆ ಹೆಚ್ಚು ಬಂಡವಾಳ ಹಾಕಿದರು ಅಂತಲೂ ಇದೆ. ಅದನ್ನು ಯಾಕಪ್ಪ ನುಂಗಿದೆ? ಮಾವನ ಉಗಾಂಡಾದ ಹೆಂಗಸಿಗೂ ಮೊದಲೇ ಅಂಗಡಿ ಇದೆ. ಇನ್ನು ಸುಗ್ರೀವಾಜ್ಞೆ ಬಂದದ್ದು ಬಲವಂತದ ವಸೂಲಿಗೆ, ಸಾಲಕ್ಕಲ್ಲ.

ಪೊನ್ನಂಪೇಟೆ ಕರಿಮೆಣಸು: ಉಗಾಂಡಾ, ಉಗಾಂಡಾ! ಸಹಾಯ ಮಾಡುವ ಮನಸ್ಸಿದ್ದರೆ ಇಲ್ಲೇ ತೋಟದ ಕೂಲಿಯವರ ಲೈನ್‌ಮನೆಗಳಿಲ್ಲವಾ? ದೂರದ ಬಡವರ ಫೋಟೋ ನೋಡಿ ಕಣ್ಣೀರು ಹಾಕೋದು ಸುಲಭ.

ಮೇಕೇರಿ ಮಾವ: "ಲೈನ್‌ಮನೆ" ಅಂತ ನೀವೇ ಹೇಳಿದಿರಿ, ಒಳ್ಳೇದಾಯ್ತು. ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದ ವರ್ಷ ನಿಮ್ಮ ಲೈನ್‌ಮನೆಯವರಿಗೆ ಕೂಲಿ ಎಷ್ಟು ಏರಿಸಿದಿರಿ? ಅಥವಾ ಬಡ್ಡಿ ಇಲ್ಲದೆ ಎಷ್ಟು ಕೊಟ್ಟಿರಿ?

ಪೊನ್ನಂಪೇಟೆ ಕರಿಮೆಣಸು: ನನ್ನ ತೋಟದ ಲೆಕ್ಕ ಕೇಳೋಕೆ ನೀವ್ಯಾರು? ಕಾಡಾನೆ ತುಳಿದ ಗಿಡಕ್ಕೆ ನೀವು ದುಡ್ಡು ಕೊಡ್ತೀರಾ? ಮಗಳು ಕಳಿಸಿದ ಕಾರ್ಡಲ್ಲಿ ದಾನಶೂರ ಕರ್ಣ ಆದವರು!

ಮೇಕೇರಿ ಮಾವ: ದಾನ ಅಂತ ನಾನು ಎಲ್ಲಿ ಬರೆದಿದ್ದೇನೆ? ಸಾಲ ಅಂತ ಬರೆದಿದ್ದೇನೆ. ಮೇಲೆ ಹೋಗಿ ಓದಿ.

ಕುಶಾಲನಗರದ ಹುಡುಗ: ಶೀರ್ಷಿಕೆಯಲ್ಲೇ ಇದೆ ಮಾವ, "ದಾನವೋ" ಅಂತ.

ಮೇಕೇರಿ ಮಾವ: ಅದು ಪ್ರಶ್ನೆ ಕಣಯ್ಯಾ.

ಸಂತೆ ಅಕ್ಕ: ಮಾವ, ಒಂದು ಕೇಳ್ತೀನಿ. ಆ ಉಗಾಂಡಾದವಳಿಗೆ ಮಳೆಗಾಲದಲ್ಲಿ ಎರಡು ಕಂತು ಬಿಡೋಕೆ ಅವಕಾಶ ಇದೆಯಾ? ಅದನ್ನು ಎಲ್ಲಾದರೂ ಬರೆದಿದ್ದಾರಾ?

ಮೇಕೇರಿ ಮಾವ: ಅದನ್ನು ನೋಡಲಿಲ್ಲ ತಂಗಿ. ಆದರೆ ಮೊದಲ ಕಂತು ಬಂತು, 2 ಡಾಲರ್ 8 ಸೆಂಟ್. ಕರಿಮೆಣಸಿನವರು ಮುಳುಗಿಹೋಗುತ್ತೆ ಅಂದಿದ್ದರು.

ಪೊನ್ನಂಪೇಟೆ ಕರಿಮೆಣಸು: ಮುಳುಗುತ್ತೆ ಅಂತ ನಾನು ಎಲ್ಲಿ ಅಂದೆ?

ಹಳೇ ಕ್ಯಾಷಿಯರ್: 2.08 ಅಂದರೆ 12 ತಿಂಗಳ ಕಂತು. 12 ಗುಣಿಸು 2.08, 24.96. ನಾಲ್ಕು ಸೆಂಟ್ ಕಮ್ಮಿ ಬರುತ್ತಲ್ಲ ಮಾವ, ಕೇಳಿ ನೋಡಿ.