ಟಾಟಾ 407 ಫೋರ್ ಬೈ ಫೋರ್ ಮೇಲೆ ಮನೆ ಕಟ್ಟಬೇಕು: ಡಬ್ಬವನ್ನು ಚಾಸಿಗೆ ಹೇಗೆ ಕೂರಿಸಲಿ?

ಮೂಡಿಗೆರೆ ತೋಟದವ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ದೊಡ್ಡಪ್ಪನ ಹತ್ತಿರ ಟಾಟಾ 407 ಸಣ್ಣ ಲಾರಿ ಇದೆ, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಬರುವಂಥದ್ದು. ಗೊಬ್ಬರ, ಕಾಫಿ ಮೂಟೆ ಹೊತ್ತು ಮಳೆಗಾಲದಲ್ಲೂ ತೋಟದ ಏರು ಹತ್ತಿದ ಗಾಡಿ. ಈಗ ಅವರಿಗೆ ಟ್ರ್ಯಾಕ್ಟರ್ ಸಾಕಂತೆ, "ಇದನ್ನು ನೀನೇ ಇಟ್ಕೋ" ಅಂದರು. ಎಂಜಿನ್ ಚೆನ್ನಾಗಿದೆ. ಲೋ ಗೇರ್ ಸರಿಯಾಗಿ ಬೀಳುತ್ತದೆ. ಹಳದಿ ಬೋರ್ಡು, ಆರ್‌ಸಿಯಲ್ಲಿ ಗೂಡ್ಸ್ ಅಂತ ಇದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಚಾಲ್ತಿಯಲ್ಲಿದೆ.

ಇದರ ಮೇಲೆ ಒಂದು ಪುಟ್ಟ ಮನೆ ಕಟ್ಟುವ ಆಸೆ ಬಹಳ ದಿನದಿಂದ ಇದೆ. ರೆಡಿಮೇಡ್ ಕ್ಯಾರವಾನ್ ನನಗೆ ಬೇಡ, ಅದು ನಮ್ಮ ತೋಟದ ರಸ್ತೆಗೇ ಬರುವುದಿಲ್ಲ. ಕೆಸರು, ಕಲ್ಲು, ಸಣ್ಣ ಹಳ್ಳ ದಾಟಿ ಹೋಗುವ ಗಾಡಿ ಬೇಕು. ಮಲಗಲು ಜಾಗ, ಒಂದು ಅಡುಗೆ ಕಟ್ಟೆ, ಮಳೆ ಬರುವಾಗ ಕೂತು ಕಾಫಿ ಕುಡಿಯಲು ಒಂದು ದೊಡ್ಡ ಕಿಟಕಿ. ಇಷ್ಟಿದ್ದರೆ ಸಾಕು. ಮೊದಲು ಮಲೆನಾಡು ಸುತ್ತುತ್ತೇವೆ, ಆಮೇಲೆ ಹಿಮಾಚಲದ ಸ್ಪಿತಿ ಕಣಿವೆ. ಹಿಮ ತೋರಿಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ.

ನನ್ನ ಯೋಚನೆ ಹೀಗಿದೆ. ಹಳೇ ಮರದ ಬಾಡಿ ತೆಗೆದು, ಚೌಕ ಪೈಪಿನ ಫ್ರೇಮನ್ನು ನೇರವಾಗಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ವೆಲ್ಡ್ ಮಾಡಿಸುವುದು. ಒಳಗೆ 18 ಎಂಎಂ ಪ್ಲೈವುಡ್, ಹೊರಗೆ ಅಲ್ಯೂಮಿನಿಯಂ ಶೀಟು, ನಡುವೆ ಥರ್ಮಾಕೋಲ್. ನೀರು 200 ಲೀಟರ್. ಮನೆಯ ಯುಪಿಎಸ್‌ಗೆ ಹಾಕುವಂಥ ಎರಡು ಟ್ಯೂಬ್ಯುಲರ್ ಬ್ಯಾಟರಿ. ವೆಲ್ಡ್ ಮಾಡಿದರೆ ಜನ್ಮದಲ್ಲಿ ಅಲ್ಲಾಡುವುದಿಲ್ಲ ಅಂತ ನಮ್ಮೂರಿನ ವೆಲ್ಡರ್ ಧೈರ್ಯ ಕೊಟ್ಟಿದ್ದಾರೆ. ಒಬ್ಬ ಗೆಳೆಯ ಮಾತ್ರ ಚಾಸಿ ಮುಟ್ಟಬೇಡ ಅಂತಾನೆ. ಯಾಕೆ ಅಂದರೆ ಅವನಿಗೂ ಬಿಡಿಸಿ ಹೇಳಲು ಬರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ. ಇನ್ನೊಂದು, ಅಮ್ಮನನ್ನೂ ಕರೆದುಕೊಂಡು ಹೋಗಬೇಕು. ಹಿಂದಿನ ಡಬ್ಬದಲ್ಲಿ ಅವರಿಗೆ ಒಂದು ಸೀಟು ಹಾಕಿಸಬಹುದಾ?

ಬಾಡಿ ಕೆಲಸ, ತುಮಕೂರು

ಸರ್, ನಿಮ್ಮ ಗೆಳೆಯರ ಮಾತು ಕೇಳಿ. ಚಾಸಿಗೆ ವೆಲ್ಡ್ ಮಾಡಿಸಬೇಡಿ. ನಾನು ಲಾರಿ ಬಾಡಿ ಕಟ್ಟುವ ಕೆಲಸದಲ್ಲೇ ಇರುವವನು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲಾರಿ ಚಾಸಿ ಅಂದರೆ ಉದ್ದಕ್ಕೆ ಎರಡು ಸಿ-ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ), ಅಡ್ಡಕ್ಕೆ ಕ್ರಾಸ್ ಮೆಂಬರ್. ಅದು ತಿರುಚಿಕೊಳ್ಳಲಿ ಅಂತಲೇ ಹಾಗೆ ಮಾಡಿರುತ್ತಾರೆ. ಮುಂದಿನ ಎಡ ಚಕ್ರ ಕಲ್ಲು ಹತ್ತಿ ಹಿಂದಿನ ಬಲ ಚಕ್ರ ಗುಂಡಿಗೆ ಇಳಿದಾಗ ಲೀಫ್ ಸ್ಪ್ರಿಂಗ್ ಒಂದಷ್ಟು ಬಗ್ಗುತ್ತದೆ, ಉಳಿದದ್ದನ್ನು ಚಾಸಿ ತಾನೇ ತಿರುಚಿ ಸರಿದೂಗಿಸುತ್ತದೆ. ಹಾಗಾಗಿಯೇ ನಾಲ್ಕೂ ಚಕ್ರ ನೆಲ ಬಿಡುವುದಿಲ್ಲ. ಮರದ ಗೂಡ್ಸ್ ಬಾಡಿಗೆ ಇದರಿಂದ ಏನೂ ಆಗುವುದಿಲ್ಲ. ಮೇಲೆ ತೆರೆದಿರುತ್ತದೆ, ಹಲಗೆಗಳ ನಡುವೆ ಸಂದು ಇರುತ್ತದೆ, ಚಾಸಿ ಜೊತೆಗೇ ತಿರುಚುತ್ತದೆ.

ನೀವು ಕಟ್ಟುವುದು ಆರೂ ಕಡೆ ಮುಚ್ಚಿದ ಡಬ್ಬ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಮಾತ್ರ ಹಿಡಿದು ತಿರುಚಿ ನೋಡಿ, ಸುಲಭವಾಗಿ ತಿರುಗುತ್ತದೆ. ಹೊರಗಿನ ಕವಚದೊಳಗೆ ತೂರಿಸಿ ತಿರುಚಿ, ಬಗ್ಗುವುದಿಲ್ಲ. ನಿಮ್ಮ ಮನೆಯೂ ಹಾಗೇ. ಬಗ್ಗದ ಡಬ್ಬವನ್ನು ಬಗ್ಗುವ ಚಾಸಿಗೆ ಬೆಸೆದರೆ ಎಲ್ಲ ಒತ್ತಡವೂ ಮೂಲೆಗಳಿಗೆ ಹೋಗುತ್ತದೆ. ಮೊದಲು ಬಾಗಿಲು ಬಿಗಿಯಾಗುತ್ತದೆ. ಆಮೇಲೆ ಕಿಟಕಿ ಮೂಲೆಯಲ್ಲಿ ಸೀಲೆಂಟ್ ಬಿಟ್ಟು ನೀರು ಒಳಗೆ ಬರುತ್ತದೆ. ಕೊನೆಗೆ ವೆಲ್ಡ್ ಪಕ್ಕದಲ್ಲೇ ಚಾಸಿ ಬಿರುಕು ಬಿಡುತ್ತದೆ. ವೆಲ್ಡಿಂಗ್ ಬಿಸಿಗೆ ಅಲ್ಲಿನ ಉಕ್ಕು ಮೊದಲಿನಷ್ಟು ಗಟ್ಟಿ ಉಳಿದಿರುವುದಿಲ್ಲ, ಅದಕ್ಕೇ ಬಿರುಕು ಅಲ್ಲಿಂದಲೇ ಶುರು. ಹೈವೇಯಲ್ಲಿ ಮಾತ್ರ ಓಡುವ ಗಾಡಿಗೆ ಇದು ಎಷ್ಟೋ ವರ್ಷ ಗೊತ್ತಾಗದೇ ಇರಬಹುದು. ನಿಮ್ಮ ತೋಟದ ರಸ್ತೆಯಲ್ಲಿ ಬೇಗ ಗೊತ್ತಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಡಬ್ಬಕ್ಕೆ ಅದರದ್ದೇ ಒಂದು ಸಬ್‌ಫ್ರೇಮ್, ಅಂದರೆ ಅಡಿಗೆ ಬೇರೆ ಚೌಕಟ್ಟು, ಮಾಡಿಸಿ. ಅದನ್ನು ಕೂರಿಸಲು ಎರಡು ದಾರಿ ಇವೆ. ಒಂದು, ಮೂರು ಪಾಯಿಂಟ್. ಹಿಂದೆ ಎಡಕ್ಕೊಂದು, ಬಲಕ್ಕೊಂದು ಗಟ್ಟಿ ಬ್ರ್ಯಾಕೆಟ್. ಮುಂದೆ ನಡುಮಧ್ಯದಲ್ಲಿ ಒಂದೇ ಪಿವಟ್ (ತಿರುಗುವ ಕೀಲು), ಅದರಲ್ಲಿ ದಪ್ಪ ರಬ್ಬರ್ ಬುಶ್. ಚಾಸಿ ಎಷ್ಟು ತಿರುಚಿದರೂ ಡಬ್ಬಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ಇಡೀ ಭಾರ ಮೂರೇ ಜಾಗದಲ್ಲಿ ಬೀಳುತ್ತದೆ. ಹಳೇ ಚಾಸಿಗೆ ಅದು ನನಗೆ ಅಷ್ಟು ಇಷ್ಟವಿಲ್ಲ.

ಎರಡನೆಯದು ಸ್ಪ್ರಿಂಗ್ ದಾರಿ. ನಿಮಗೆ ನಾನು ಹೇಳುವುದು ಇದನ್ನೇ. ಸಬ್‌ಫ್ರೇಮಿನ ಎರಡು ಉದ್ದದ ರೈಲು ಚಾಸಿಯ ಮೇಲೆ ಪೂರ್ತಿ ಉದ್ದಕ್ಕೂ ಕೂತಿರುತ್ತವೆ, ನಡುವೆ ಗಟ್ಟಿ ರಬ್ಬರ್ ಅಥವಾ ನೈಲಾನ್ ಪಟ್ಟಿ. ಹಿಂದಿನ ಆಕ್ಸಲ್ ಹತ್ತಿರ ಬೋಲ್ಟ್ ಹಾಕಿ ಪೂರ್ತಿ ಬಿಗಿ. ಮುಂದಕ್ಕೆ ಬಂದ ಹಾಗೆ ಪ್ರತಿ ಬ್ರ್ಯಾಕೆಟ್‌ನಲ್ಲೂ ಉದ್ದ ಬೋಲ್ಟು, ಅದಕ್ಕೆ ಒಂದು ಗಟ್ಟಿ ಕಾಯಿಲ್ ಸ್ಪ್ರಿಂಗ್. ಚಾಸಿ ತಿರುಚಿದಾಗ ಒಂದು ಕಡೆ ಸಬ್‌ಫ್ರೇಮ್ ಚಾಸಿಯಿಂದ ಮೇಲೇಳುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಕೆಳಗೆ ಎಳೆದು ಕೂರಿಸುತ್ತದೆ. ಪಕ್ಕಕ್ಕೆ ಜಾರದಂತೆ ಎರಡೂ ಕಡೆ ಗೈಡ್ ಪ್ಲೇಟ್ ಬೇಕೇ ಬೇಕು. ಸಾಧ್ಯವಾದಷ್ಟೂ ಕಂಪನಿಯವರೇ ಬಿಟ್ಟಿರುವ ತೂತುಗಳನ್ನು ಬಳಸಿ. ಚಾನೆಲ್‌ನ ಮೇಲಿನ, ಕೆಳಗಿನ ಪಟ್ಟಿಗೆ ಡ್ರಿಲ್ ತಾಗಿಸಲೇಬೇಡಿ. ಕ್ಯಾಬಿನ್ನಿಗೂ ಡಬ್ಬಕ್ಕೂ ನಡುವೆ ಖಾಲಿ ಬಿಡಿ, ಎರಡೂ ಬೇರೆ ಬೇರೆ ಅಲ್ಲಾಡುತ್ತವೆ.

ಇನ್ನು ತೂಕ. 8 ಅಡಿ 4 ಅಡಿಯ 18 ಎಂಎಂ ಪ್ಲೈ ಹಾಳೆ ಒಂದಕ್ಕೇ ಸುಮಾರು 35 ಕೆಜಿ. ಹತ್ತು ಹಾಳೆ ಹೋದರೆ ಲೆಕ್ಕ ಹಾಕಿ. ಐಸ್‌ಕ್ರೀಂ ಸಾಗಿಸುವ ಗಾಡಿಗಳಿಗೆ ಪಫ್ ಪ್ಯಾನೆಲ್ ಹಾಕುತ್ತಾರಲ್ಲ, ಎರಡು ಎಫ್‌ಆರ್‌ಪಿ (ಫೈಬರ್) ಹಾಳೆ, ನಡುವೆ ಫೋಮ್, ಅದನ್ನೇ ತಗೊಳ್ಳಿ. ಗೋಡೆಯೂ ಅದೇ, ಶಾಖ ತಡೆಯುವುದೂ ಅದೇ. ಹಗುರ, ಗೆದ್ದಲಿಲ್ಲ, ನೀರಿಗೆ ಉಬ್ಬುವುದಿಲ್ಲ. ಟ್ಯೂಬ್ಯುಲರ್ ಬ್ಯಾಟರಿ ಒಂದೊಂದೂ 50 ಕೆಜಿ ದಾಟುತ್ತದೆ, ಕುಲುಕಾಟಕ್ಕೆ ಆಸಿಡ್ ಚೆಲ್ಲುತ್ತದೆ. 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹತ್ತು ಹನ್ನೆರಡು ಕೆಜಿ ಅಷ್ಟೇ. ನೀರಿನ ಟ್ಯಾಂಕನ್ನು ತಗ್ಗಿನಲ್ಲಿ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇಡಿ. 200 ಲೀಟರ್ ಅಂದರೆ 200 ಕೆಜಿ, ಅದು ಮೇಲಿದ್ದರೆ ಓರೆ ದಾರಿಯಲ್ಲಿ ಗಾಡಿ ವಾಲುವುದು ನಿಮಗೇ ಗೊತ್ತಾಗುತ್ತದೆ. ಕಟ್ಟುವ ಮೊದಲು ಒಮ್ಮೆ, ಕಟ್ಟುವಾಗ ಒಮ್ಮೆ ವೇ ಬ್ರಿಡ್ಜ್‌ಗೆ ಹೋಗಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಸುಮ್ನೆ ಒಟ್ಟು ತೂಕ ನೋಡಿದರೆ ಏನೂ ತಿಳಿಯುವುದಿಲ್ಲ.

ಬೆಳಗಾವಿ ಡೀಸೆಲ್

ಇಷ್ಟೆಲ್ಲ ಮಾಡುವ ಬದಲು ಹರಾಜಿನಲ್ಲಿ ಸೈನ್ಯದ ಸ್ಟಾಲಿಯನ್ ಲಾರಿ ತಗೊಳ್ರಿ. ಎಲ್ಲಿ ಬೇಕಾದರೂ ಹೋಗುತ್ತದೆ.

ಕರಿಕೋಟು, ಹುಬ್ಬಳ್ಳಿ

ಸ್ಟಾಲಿಯನ್ ಗಟ್ಟಿ ಗಾಡಿ ಹೌದು, ಆದರೆ ಅದು ಹೆವಿ ವಾಹನ. ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಹರಾಜಿನ ಗಾಡಿಗೆ ಹೊಸದಾಗಿ ನೋಂದಣಿ ಮಾಡಿಸುವುದು ಇನ್ನೂ ದೊಡ್ಡ ತಲೆನೋವು. 407 ಬಿಡಬೇಡಿ. ಒಟ್ಟು ತೂಕ 7,500 ಕೆಜಿಯೊಳಗಿನ ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು, ಅದು ಹಳದಿ ಬೋರ್ಡಾದರೂ ಸರಿ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ನಿಮಗೆ ಅಷ್ಟು ಅನುಕೂಲ.

ಆದರೆ ಬಾಡಿ ವಿಷಯದಲ್ಲಿ ಹುಷಾರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಶಾಶ್ವತವಾಗಿ ಕ್ಯಾರವಾನ್ ಅಂತಲೇ ಮಾಡಿಸುವುದಾದರೆ ಎಐಎಸ್-124 ಅನ್ನುವ ಮಾನದಂಡ ಇದೆ, ಅದರಂತೆ ಒಪ್ಪಿಗೆ ಪಡೆದವರ ಹತ್ತಿರವೇ ಕಟ್ಟಿಸಬೇಕಾಗುತ್ತದೆ. ನನ್ನ ಸಲಹೆ ಇಷ್ಟು: ಏನೂ ಕತ್ತರಿಸುವ ಮೊದಲು, ಅಳತೆ ಹಾಕಿದ ಡ್ರಾಯಿಂಗ್ ಹಿಡಿದು ನಿಮ್ಮ ಆರ್‌ಟಿಒ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ. ಅವರ ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ. ಹಳೇ ಡೆಕ್ (ಮರದ ಬಾಡಿಯ ತಳ) ಉಳಿಸಿಕೊಂಡು, ಇಳಿಸಿ ಹತ್ತಿಸಬಹುದಾದ ಡಬ್ಬ ಮಾಡುವ ದಾರಿಯನ್ನೂ ಕೇಳಿ. ಆಗ ಗಾಡಿ ಗೂಡ್ಸ್ ಆಗಿಯೇ ಉಳಿಯುತ್ತದೆ. ಯಾವ ದಾರಿಯಾದರೂ ಇನ್ಶೂರೆನ್ಸ್‌ನವರಿಗೆ ತಿಳಿಸಿಯೇ ಮಾಡಿ.

ಇಷ್ಟು ತೂಕದ ಗೂಡ್ಸ್ ಗಾಡಿ ಹಿಮಾಚಲಕ್ಕೆ ಹೋಗಬೇಕಾದರೆ ನ್ಯಾಷನಲ್ ಪರ್ಮಿಟ್ ಅಥವಾ ತಾತ್ಕಾಲಿಕ ಪರ್ಮಿಟ್ ಬೇಕು. ಅಮ್ಮನ ಸೀಟು ಮಾತ್ರ ಆಗುವುದಿಲ್ಲ ಸರ್. ಗಾಡಿ ಓಡುವಾಗ ಡಬ್ಬದಲ್ಲಿ ಯಾರೂ ಇರಬಾರದು. ಏನಾದರೂ ಆದರೆ ಕ್ಲೇಮ್ ಮಾತು ಹಾಗಿರಲಿ, ಹಿಂದೆ ಏನಾಯಿತು ಅಂತ ಕ್ಯಾಬಿನ್ನಿನಲ್ಲಿ ಕೂತ ನಿಮಗೆ ಗೊತ್ತೇ ಆಗುವುದಿಲ್ಲ.

ಶಿರಸಿ ಸುಮಾ

ನಾವು ಗಂಡ ಹೆಂಡತಿ ನಮ್ಮ ವ್ಯಾನಿನಲ್ಲಿ ಸ್ಪಿತಿಗೂ ಹೋಗಿದ್ದೇವೆ, ಮಳೆಗಾಲದಲ್ಲಿ ಮಲೆನಾಡಿನಲ್ಲೂ ಮಲಗಿದ್ದೇವೆ. ನಿಜ ಹೇಳಬೇಕೆಂದರೆ ಚಳಿಗಿಂತ ತೇವ ಕಷ್ಟ. ಮೂರು ಜನ ಮಲಗಿ ಉಸಿರಾಡಿದರೆ, ಮೇಲೆ ಅನ್ನ ಬೇಯಿಸಿದರೆ, ಬೆಳಿಗ್ಗೆ ಗೋಡೆಯೆಲ್ಲ ಬೆವರಿರುತ್ತದೆ. ಒಳಗೂ ಹೊರಗೂ ತಾಗುವ ಕಬ್ಬಿಣದ ಪೈಪ್ ಇದ್ದರೆ ಅಲ್ಲಿಂದಲೇ ಹನಿ ಬೀಳುತ್ತದೆ. ಹಾಗಾಗಿ ಪಫ್ ಪ್ಯಾನೆಲ್ ಮಾತಿಗೆ ನನ್ನದೂ ಒಪ್ಪಿಗೆ. ಚಾವಣಿಯಲ್ಲಿ ಮಳೆ ಬಂದರೂ ತೆರೆದಿಡಬಹುದಾದ ಫ್ಯಾನ್, ಕೆಳಗೆ ಗಾಳಿ ಬರಲು ಒಂದು ಕಿಂಡಿ. ಇವೆರಡನ್ನು ಬಿಡಬೇಡಿ. ಹಾಸಿಗೆ ಕೆಳಗೆ ಹಲಗೆ ಪೂರ್ತಿ ಮುಚ್ಚದೆ ಪಟ್ಟಿ ಹಾಕಿಸಿ, ಇಲ್ಲದಿದ್ದರೆ ಅಡಿಯಲ್ಲಿ ಬೂಸ್ಟು ಬರುತ್ತದೆ.

ಗ್ಯಾಸ್ ಸಿಲಿಂಡರ್‌ಗೆ ಹೊರಗಿನಿಂದ ತೆರೆಯುವ ಬೇರೆ ಗೂಡು ಮಾಡಿ, ಅದರ ತಳದಲ್ಲಿ ತೂತು ಇರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದರಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಸರಿಯಾಗಿ ಆವಿಯಾಗುವುದಿಲ್ಲ, ಸ್ಪಿತಿಯ ಕಾಜಾ ಊರಿನ ಬೆಳಗಿನಲ್ಲಿ ಒಲೆ ಮಂಕಾಗುತ್ತದೆ. ಲಿಥಿಯಂ ಬ್ಯಾಟರಿಯನ್ನೂ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಆದ್ದರಿಂದ ಅದು ಡಬ್ಬದ ಒಳಗೇ ಇರಲಿ. ಕುಕ್ಕರ್ ಮರೆಯಬೇಡಿ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ತಲುಪುವ ಮೊದಲೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಬಾಗಿಲು ಮುಚ್ಚಿ ಒಲೆ ಹಚ್ಚಿಟ್ಟು ಬೆಚ್ಚಗೆ ಮಲಗುವ ಯೋಚನೆ ಯಾರಿಗೂ ಬರಬಾರದು, ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಹಾಕಿಸಿ.

ಮೊದಲ ಸಲ ಮನಾಲಿ ಕಡೆಯಿಂದ ಹೋಗಬೇಡಿ. ಕುಂಜುಮ್ ಕಣಿವೆದಾರಿ 4,500 ಮೀಟರ್ ದಾಟುತ್ತದೆ, ಮಗುವಿಗೆ ಒಮ್ಮೆಲೇ ಅಷ್ಟು ಎತ್ತರ ಕಷ್ಟ. ಶಿಮ್ಲಾ, ಕಿನ್ನೌರ್, ನಾಕೋ ಕಡೆಯಿಂದ ನಿಧಾನಕ್ಕೆ ಏರಿ. ಆ ದಾರಿಯಲ್ಲಿ ಬಂಡೆ ಕೊರೆದು ಮಾಡಿದ ರಸ್ತೆ ಇದೆ, ತಲೆ ಮೇಲೆ ಕಲ್ಲು ಚಾಚಿಕೊಂಡಿರುತ್ತದೆ. ಅಲ್ಲಿ ಓಡುವ ಸರ್ಕಾರಿ ಬಸ್ಸಿಗಿಂತ ನಿಮ್ಮ ಡಬ್ಬ ಎತ್ತರ ಆಗದಿರಲಿ. ಅಮ್ಮನಿಗೂ ಇದೇ ದಾರಿ ಒಳ್ಳೆಯದು. ರೆಕಾಂಗ್ ಪಿಯೊದಿಂದ ಕಾಜಾಗೆ ಸರ್ಕಾರಿ ಬಸ್ ಇದೆ. ಅಮ್ಮ, ನಿಮ್ಮ ಮನೆಯವರು ಅದರಲ್ಲಿ ಬರಲಿ, ಅಪ್ಪ ಮಗಳು ಗಾಡಿಯಲ್ಲಿ ಹೋಗಿ.

ನಮ್ಮ ಕಡೆ ಸುತ್ತುವಾಗ ಇನ್ನೊಂದು ಮಾತು. ಫೋರ್ ಬೈ ಫೋರ್ ಇದೆ ಅಂತ ಕಾಡಿನೊಳಗೆ ನುಗ್ಗಬೇಡಿ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಲ್ಲಿ ಉಳಿಯುವಂತಿಲ್ಲ, ಆನೆಯ ದಾರಿಯಲ್ಲಿ ದೀಪ ಹಚ್ಚಿಕೊಂಡು ಕೂರುವುದು ಆನೆಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ತೋಟದವರನ್ನು ಕೇಳಿದರೆ ಅಂಗಳದಲ್ಲಿ ಜಾಗ ಕೊಡುತ್ತಾರೆ. ನಮಗೆ ಯಾರೂ ಇಲ್ಲ ಅಂದಿಲ್ಲ.

ಮೂಡಿಗೆರೆ ತೋಟದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಮಕ್ಕ, ಬಸ್ಸಿನ ಮಾತು ಅಮ್ಮನಿಗೆ ಓದಿ ಹೇಳಿದೆ. ಕಿಟಕಿ ಸೀಟು ಸಿಕ್ಕರೆ ಸಾಕು ಅಂದರು. ವೆಲ್ಡಿಂಗ್ ಕೈಬಿಟ್ಟಿದ್ದೇನೆ. ಸೋಮವಾರ ಆರ್‌ಟಿಒಗೆ ಹೋಗುತ್ತೇನೆ. ತುಮಕೂರಿನ ಅಣ್ಣ, ಇಳಿಸುವ ಡಬ್ಬಕ್ಕೂ ಸ್ಪ್ರಿಂಗ್ ಬೇಕಾ? ಮುಂದಿನ ಬೋಲ್ಟಿನ ಉದ್ದ ಎಷ್ಟಿರಬೇಕು ಅಂತ ಹೇಗೆ ತಿಳಿಯುವುದು?

ಬಾಡಿ ಕೆಲಸ, ತುಮಕೂರು

ಬೇಕು ಸರ್. ಮರದ ಡೆಕ್ ಉಳಿದರೂ ಚಾಸಿ ತಿರುಚುವುದು ನಿಲ್ಲುವುದಿಲ್ಲ. ಡೆಕ್ ಮೇಲೆ ಸಬ್‌ಫ್ರೇಮ್ ಬರುತ್ತದೆ, ಬ್ರ್ಯಾಕೆಟ್ ಡೆಕ್ಕಿನ ಹಲಗೆಗಲ್ಲ, ಕೆಳಗಿನ ಚಾಸಿಗೇ ಸೇರಬೇಕು.

ಬೋಲ್ಟಿನ ಉದ್ದ ಅಂದಾಜಿಗೆ ಹೇಳುವುದಲ್ಲ, ಅಳೆಯಬೇಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಕ್ಯಾಬಿನ್ ಹಿಂದೆ ಒಂದು, ಹಿಂದಿನ ಆಕ್ಸಲ್ ಮೇಲೆ ಒಂದು, ಚಾಸಿಗೆ ಅಡ್ಡಲಾಗಿ ಎರಡು ನೇರ ಪೈಪ್ ಕಟ್ಟಿ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡನ್ನೂ ಗಟ್ಟಿ ದಿಮ್ಮಿ ಮೇಲೆ ಹತ್ತಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ, ಗಾಡಿ ಕೆಳಗೆ ಯಾರೂ ತೂರಬೇಡಿ. ಹಿಂದೆ ನಿಂತು ನೋಡಿದರೆ ಎರಡು ಪೈಪ್ ಒಂದಕ್ಕೊಂದು ಎಷ್ಟು ಓರೆಯಾಗಿವೆ ಅಂತ ಕಣ್ಣಿಗೇ ಕಾಣುತ್ತದೆ. ಎರಡಕ್ಕೂ ಲೆವೆಲ್ ಇಟ್ಟು ಅಳತೆ ಬರೆದುಕೊಳ್ಳಿ. ಆಮೇಲೆ ಇನ್ನೆರಡು ಚಕ್ರಕ್ಕೆ ಹಾಗೇ ಮಾಡಿ. ಗಾಡಿಯಲ್ಲಿ ಒಂದು ಟನ್ನಿನಷ್ಟು ಗೊಬ್ಬರದ ಮೂಟೆ ತುಂಬಿಯೇ ಮಾಡಿ, ಖಾಲಿ ಗಾಡಿಯ ಅಳತೆ ಪ್ರಯೋಜನಕ್ಕೆ ಬರುವುದಿಲ್ಲ. ಫೋಟೋ, ಅಳತೆ ಇಲ್ಲಿ ಹಾಕಿ. ಸ್ಪ್ರಿಂಗ್ ಎಷ್ಟು ದಪ್ಪದ್ದು ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.