ನೋಮ್ ಮಾಂತ್ರಿಕನನ್ನು ಕಟ್ಟುತ್ತಿದ್ದೇನೆ, ಆಡಿ ಅನುಭವವಿದ್ದವರು ಹೇಳಿ

ಮಲ್ಲೇಶ್ವರದ ಹೊಸಬ:
ಮುಂದಿನ ಶನಿವಾರದಿಂದ ಗೆಳೆಯನ ಮನೆಯ ತಾರಸಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸುತ್ತ ಪಾತ್ರ ವಹಿಸಿ ಕಥೆ ಕಟ್ಟುವ ಆಟ, ಶುರುವಾಗುತ್ತದೆ. ಐದನೇ ಆವೃತ್ತಿ, 2014ರ ನಿಯಮ, ಒಂದನೇ ಹಂತದಿಂದ. ನನ್ನದು ನೋಮ್ ಎಂಬ ಕುಳ್ಳರ ಕುಲದ ಮಾಂತ್ರಿಕ. ಫಾರೆಸ್ಟ್ ನೋಮ್ ಆಗಲೋ, ರಾಕ್ ನೋಮ್ ಆಗಲೋ? ಪಾತ್ರದ ಆರು ಗುಣಗಳಿಗೆ 27 ಅಂಕಗಳನ್ನು ಹೇಗೆ ಹಂಚಲಿ? ಎರಡನೇ ಹಂತದಲ್ಲಿ ಯಾವ ವಿದ್ಯಾಶಾಖೆ? ಜೊತೆಗೆ ಒಬ್ಬ ಫೈಟರ್, ಗಾಯ ವಾಸಿಮಾಡುವ ಒಬ್ಬಳು ಕ್ಲೆರಿಕ್, ಅಷ್ಟೇ. ನಾನು ಹಿಂದೆ ಒಮ್ಮೆ ಮಾತ್ರ ಆಡಿದ್ದೇನೆ, ಅದೂ ಬಾರ್ಬೇರಿಯನ್.

ಆರು ಪ್ರಾಣದವನು:
ಕಾನ್‌ಸ್ಟಿಟ್ಯೂಷನ್ (ಕಾನ್, ದೇಹದ ಗಟ್ಟಿತನ) 10 ಇಡಬೇಡಿ. ಹೇಳುವುದು ಇಷ್ಟೇ, ಆದರೆ ಕಾರಣ ಹೇಳದೆ ಬಿಡುವುದಿಲ್ಲ.

ನಾನು ಇಟ್ಟಿದ್ದೆ. ನನ್ನ ನೋಮ್ ರಾಜಸಭೆಯಲ್ಲಿ ಮಾತಿನ ಮಲ್ಲನಾಗಬೇಕು ಎಂಬ ಆಸೆಯಿಂದ ಕರಿಸ್ಮಾಗೆ ಅಂಕ ಸುರಿದೆ. ಪ್ರಾಣ 6. ಪೂರ್ವಕಥೆ ಮಾತ್ರ ಹನ್ನೊಂದು ಪುಟ. ನೋಮ್‌ಗಳು 350ರಿಂದ ಹೆಚ್ಚುಕಡಿಮೆ 500 ವರ್ಷ ಬದುಕುತ್ತಾರಲ್ಲ, ಹಾಗಾಗಿ ಅಜ್ಜಿ, ಮುತ್ತಜ್ಜಿ ಎಲ್ಲರೂ ಬದುಕಿದ್ದರು, ಎಲ್ಲರಿಗೂ ಹೆಸರಿತ್ತು. ವೈಟ್‌ಫೀಲ್ಡ್‌ನಿಂದ ಜೆ.ಪಿ. ನಗರಕ್ಕೆ ಹೊರಟವನು ಸಿಲ್ಕ್ ಬೋರ್ಡ್ ಬಳಿ ಮಳೆಯಲ್ಲಿ ಐವತ್ತು ನಿಮಿಷ ನಿಂತೆ. ತಲುಪುವಾಗ ಎರಡೂವರೆ ಗಂಟೆ ಕಳೆದಿತ್ತು. ಆಟದ ಇಪ್ಪತ್ತನೇ ನಿಮಿಷಕ್ಕೆ ಪೊದೆಯೊಳಗಿನ ಗಾಬ್ಲಿನ್ ಬಾಣ ಬಿಟ್ಟಿತು. ದಾಳ 20. 20 ಬಿದ್ದರೆ ಏಟಿನ ದಾಳ ಒಂದಲ್ಲ, ಎರಡು: 6, 5, ಮೇಲೆ 2. ಒಟ್ಟು 13. ನನ್ನ ಪ್ರಾಣ ಕಳೆದು ಪೆಟ್ಟು ಇನ್ನೂ 7 ಉಳಿಯಿತು. ಉಳಿಕೆ ಪೂರ್ಣ ಪ್ರಾಣದಷ್ಟಾದರೆ ಬದುಕುಳಿಯಲು ದಾಳ ಹಾಕುವ ಡೆತ್ ಸೇವ್ ಕೂಡ ಸಿಗುವುದಿಲ್ಲ, ಅಲ್ಲೇ ಸಾವು. ಮಿಕ್ಕ ಮೂರೂವರೆ ಗಂಟೆ ಬೇರೆಯವರ ಆಟ ನೋಡುತ್ತ ಕೋಡುಬಳೆ ತಿಂದೆ. ಅಜ್ಜಿಯ ಹೆಸರನ್ನು ಯಾರೂ ಕೇಳಲಿಲ್ಲ.

ಕಾನ್ 14 ಇದ್ದಿದ್ದರೆ ಪ್ರಾಣ 8. ಅದೇ 13 ಬಿದ್ದರೂ ಕ್ಲೆರಿಕ್ ಓಡಿ ಬರುವ ತನಕ ನೆಲದ ಮೇಲಾದರೂ ಇರುತ್ತಿದ್ದೆ.

ಹಿತ್ತಾಳೆ ಗಡಿಯಾರ:
ರಾಕ್ ನೋಮ್. ಚರ್ಚೆಯೇ ಬೇಡ. ಸ್ಟ್ರೆಂತ್ 8, ಡೆಕ್ಸ್ (ಚುರುಕುತನ) 14, ಕಾನ್ 13, ಇಂಟೆಲಿಜೆನ್ಸ್ 15, ವಿಸ್ಡಂ 12, ಕರಿಸ್ಮಾ 10 ಎಂದು ಕೊಳ್ಳಿ, ಲೆಕ್ಕ ಸರಿಯಾಗಿ 27. ಕುಲದಿಂದ ಕಾನ್ 14, ಇಂಟೆಲಿಜೆನ್ಸ್ 17 ಆಗುತ್ತದೆ. 17ಕ್ಕೂ 16ಕ್ಕೂ ಸದ್ಯಕ್ಕೆ ವ್ಯತ್ಯಾಸವಿಲ್ಲ ಎಂದು ಯಾರಾದರೂ ಹೇಳುತ್ತಾರೆ, ನಾಲ್ಕನೇ ಹಂತದವರೆಗೆ ತಾಳ್ಮೆ ಇರಲಿ.

ಇನ್ನು ರಾಕ್ ನೋಮ್ ಮಾಡಬಲ್ಲ ಪುಟ್ಟ ಯಂತ್ರಗಳು. ನಮ್ಮ ಆಟ ಹದಿನಾಲ್ಕು ತಿಂಗಳು ನಡೆಯಿತು. ನಾನು ಲೆಕ್ಕದ ಪುಸ್ತಕ ಇಟ್ಟಿದ್ದೆ. ಒಂದೊಂದು ಯಂತ್ರಕ್ಕೆ 1 ಗಂಟೆ, 10 ಚಿನ್ನ. ಒಟ್ಟು 23 ಮಾಡಿದೆ, 230 ಚಿನ್ನ ಹೋಯಿತು. ಒಂಬತ್ತು ತುಳಿತಕ್ಕೆ ಸಿಕ್ಕವು, ಪ್ರಾಣ ಇರುವುದೇ 1. ಆರು ನದಿಗೆ ಬಿದ್ದವು. ಒಂದನ್ನು ನಮ್ಮದೇ ಪಲಾಡಿನ್ ಹೆಗ್ಗಣ ಎಂದುಕೊಂಡು ಸೀಳಿದ. ಉಳಿದವು 24 ಗಂಟೆ ತುಂಬಿ ನಿಂತುಹೋದವು. ಒಮ್ಮೆಗೆ ಮೂರೇ ಇಟ್ಟುಕೊಳ್ಳಬಹುದು. ಮೂರನ್ನೂ ಓಡಿಸಲು ದಿನಕ್ಕೆ ಮೂರು ಗಂಟೆ ರಿಪೇರಿ. ಇಷ್ಟಾದರೂ ನಾನು ಮಾಡಿದ ಕಪ್ಪೆಯೊಂದು ಸರದಿಗೆ 5 ಅಡಿಯಂತೆ ಮನಬಂದ ಕಡೆ ಕುಪ್ಪಳಿಸುತ್ತ ಹೋದಾಗ ಕೋಟೆಯ ಇಬ್ಬರು ಕಾವಲುಗಾರರು ಅದರ ಹಿಂದೆ ಹೋದರು. ಬಾಗಿಲು ತೆರೆದೇ ಇತ್ತು. ಆ ಸಂಭ್ರಮದಲ್ಲಿ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಗೋಡೆ ಗಡಿಯಾರದ ಚಕ್ರಗಳನ್ನು ಕೊಂಡು ನಿಜವಾದ ಕಪ್ಪೆ ಮಾಡಲು ಕುಳಿತೆ. ಅದು ಇನ್ನೂ ಕುಪ್ಪಳಿಸಿಲ್ಲ. ಅದರ ಖರ್ಚನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಐದು ಅಡಿಯ ಪೆಟ್ಟಿಗೆ:
230 ಚಿನ್ನಕ್ಕೆ ಒಂದು ಕಪ್ಪೆ! ನಮ್ಮ ಫಾರೆಸ್ಟ್ ನೋಮ್‌ಗೆ ಮೈನರ್ ಇಲ್ಯೂಷನ್ ಎಂಬ ಮಾಯೆಯ ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಮಾಡಬಹುದಾದ ಚಿಕ್ಕ ಮಂತ್ರ) ಹುಟ್ಟಿನಿಂದಲೇ ಪುಕ್ಕಟೆ. ಎರಡನೇ ಹಂತದಲ್ಲಿ ಇಲ್ಯೂಷನ್ ಶಾಖೆ ಹಿಡಿದರೆ ಆ ಕ್ಯಾಂಟ್ರಿಪ್ ಮತ್ತೆ ಬರುತ್ತದೆ, ಮೊದಲೇ ಇದ್ದವರಿಗೆ ಅದರ ಬದಲು ಬೇರೊಂದು. ಆ ಮಾಯೆ 5 ಅಡಿಯ ಘನದೊಳಗೆ ಹಿಡಿಯಬೇಕು. ಮನುಷ್ಯ ಅದರಲ್ಲಿ ಅಡಗಲು ಮಂಡಿಯೂರಬೇಕು. ನೋಮ್ ಆರಾಮವಾಗಿ ನಿಂತಿರುತ್ತಾನೆ.

ಹೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ? ನಾನು ಕಾಡಿನ ನಡುವೆ ಮರದ ಪೆಟ್ಟಿಗೆಯ ಮಾಯೆ ಮಾಡಿ ಒಳಗೆ ನಿಂತೆ. ಆಟ ನಡೆಸುವ ನಮ್ಮ ಡಿಎಂ ಏನು ಮಾಡಿದರು? ಏಳು ಗಾಬ್ಲಿನ್‌ಗಳೂ ಒಂದರ ಹಿಂದೆ ಒಂದು ಬಂದು, ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಗಳಂತೆ ಪೆಟ್ಟಿಗೆಯನ್ನು ಪರಿಶೀಲಿಸಿದವು. ನನ್ನ ಮಂತ್ರದ ಡಿಸಿ, ಅಂದರೆ ಮಾಯೆಯನ್ನು ಕಂಡುಹಿಡಿಯಲು ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ, 13. ಏಳರಲ್ಲಿ ಮೂರು ಗೆದ್ದವು. ನಾಲ್ಕು ತಿಂಗಳು ಹೀಗೆಯೇ ನಡೆಯಿತು. ಸೇತುವೆಯ ಮಾಯೆ ಮಾಡಿದರೆ ಶತ್ರು ಮೊದಲು ಕಲ್ಲೆಸೆದು ನೋಡುತ್ತಾನೆ. ಬೆಂಕಿಯ ಮಾಯೆ ಮಾಡಿದರೆ ಬಿಸಿಯಿಲ್ಲವಲ್ಲ ಎನ್ನುತ್ತಾನೆ. ಇಲ್ಯೂಷನ್ ಶಾಖೆ ಹಿಡಿಯುವ ಮೊದಲು ನಿಮ್ಮ ಡಿಎಂ ಎಂಥವರು ಎಂದು ತಿಳಿದುಕೊಳ್ಳಿ, ಜಾತಕವನ್ನಾದರೂ ತರಿಸಿ ನೋಡಿ.

ಪರಿಶೀಲಿಸಲು ಒಂದು ಆ್ಯಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಬೇಕು, ಏಳು ಗಾಬ್ಲಿನ್‌ಗಳು ಏಳು ಆ್ಯಕ್ಷನ್ ಕಳೆದುಕೊಂಡಿದ್ದವು ಎಂದು ನನಗೆ ಹೊಳೆದದ್ದು ರಾತ್ರಿ ಬಸ್ಸಿನಲ್ಲಿ ಕುಳಿತ ಮೇಲೆ. ಆದರೂ ಸಿಟ್ಟು ಹೋಗಿಲ್ಲ.

ಹೊಸ ಪುಸ್ತಕ:
2014 ಯಾಕೆ ಇನ್ನೂ? 2024ರ ಪುಸ್ತಕದಲ್ಲಿ ನೋಮ್ 30 ಅಡಿ ನಡೆಯುತ್ತಾನೆ, 25 ಅಲ್ಲ. ಮನಸ್ಸಿನ ಮೇಲಿನ ದಾಳಿ ತಡೆಯಲು ನೆರವಾಗುವ ನೋಮ್ ಕನಿಂಗ್ ಈಗ ಮಂತ್ರಕ್ಕೆ ಮಾತ್ರ ಸೀಮಿತವಲ್ಲ. ಅಂಕ ಹೆಚ್ಚುವುದು ಕುಲದಿಂದಲ್ಲ, ಪಾತ್ರದ ಹಿನ್ನೆಲೆಯಿಂದ. ಸೇಜ್ ತೆಗೆದುಕೊಂಡರೆ ಕಾನ್, ಇಂಟೆಲಿಜೆನ್ಸ್ ಎರಡೂ ಬಂತು. ಶಾಖೆ ಮೂರನೇ ಹಂತಕ್ಕೆ. ನಾನು ಬದಲಿಸಿ ಸುಖವಾಗಿದ್ದೇನೆ.

ತಂಬೋಲ ಕಾಲದವನು:
ಅಂಕ ಹಿನ್ನೆಲೆಯಿಂದಲೇ ಬರುವುದಾದರೆ ಗ್ನೋಮ್ ಯಾಕಾಗಬೇಕು? ಯಾರು ಬೇಕಾದರೂ ಜಾಣರು. ಬೆಲೆ ತೆತ್ತು ಪಡೆದದ್ದಕ್ಕೆ ಮಾತ್ರ ರುಚಿ.

1978ರ ನಿಯಮಗಳಲ್ಲಿ ಗ್ನೋಮ್ ಸಾಮಾನ್ಯ ಮಾಂತ್ರಿಕ ಆಗುವಂತೆಯೇ ಇರಲಿಲ್ಲ, ಇಲ್ಯೂಷನಿಸ್ಟ್ ಮಾತ್ರ. 2000ದ ಮೂರನೇ ಆವೃತ್ತಿಯಲ್ಲೂ ಅವನ ಮೆಚ್ಚಿನ ವಿದ್ಯೆ ಅದೇ. 2008ರಲ್ಲಿ ನಾಲ್ಕನೇ ಆವೃತ್ತಿ ಬಂತು, ಆಟಗಾರರ ಮೊದಲ ಪುಸ್ತಕದಿಂದ ಗ್ನೋಮ್ ಮಾಯ! ತೆಗೆದುಕೊಂಡು ಹೋಗಿ ರಾಕ್ಷಸರ ಪುಸ್ತಕದಲ್ಲಿ ಹಾಕಿದ್ದರು. 2009ರಲ್ಲಿ ಎರಡನೇ ಪುಸ್ತಕ ಬರುವ ತನಕ ನನ್ನ ಪಾತ್ರಕ್ಕೆ ಊರಿಲ್ಲ, ಕೇರಿಯಿಲ್ಲ. ಗೆಳೆಯರು ಎಲ್ಫ್ ಆಗು ಎಂದರು. ಆಗಲಿಲ್ಲ. ಬಸವನಗುಡಿಯ ಆ ಮನೆಗೆ ವಾರವಾರವೂ ಹೋಗಿ ನಕ್ಷೆ ಬರೆದುಕೊಟ್ಟು ಕಾಫಿ ಕುಡಿದು ಬಂದೆ. ಅದಕ್ಕೂ ಮೊದಲು ನಮಗೆ ಇಪ್ಪತ್ತು ಮುಖದ ದಾಳವೇ ಸಿಗುತ್ತಿರಲಿಲ್ಲ. ತಂಬೋಲ ಡಬ್ಬಿಯಿಂದ 1ರಿಂದ 20ರ ತನಕ ಬಿಲ್ಲೆ ಆರಿಸಿ ಬಟ್ಟೆಯ ಚೀಲಕ್ಕೆ ಹಾಕಿ ತೆಗೆಯುತ್ತಿದ್ದೆವು. 7 ಕಳೆದುಹೋಗಿತ್ತು, ಅದರ ಜಾಗಕ್ಕೆ ಹುಣಸೆ ಬೀಜ. ಕೈಗೆ ಬೀಜ ತಾಕಿದರೆ 7 ಎಂದು ತಿಳಿಯುತ್ತಿತ್ತು, ಬೇಡವಾದವರು ಬಿಟ್ಟು ಬೇರೆ ಹಿಡಿಯುತ್ತಿದ್ದರು.

ಹಿತ್ತಾಳೆ ಗಡಿಯಾರ:
ಅದು ನೋಮ್, ಗ್ನೋಮ್ ಅಲ್ಲ.

ತಂಬೋಲ ಕಾಲದವನು:
ಬರೆದಂತೆ ಓದುವುದು ಕನ್ನಡದ ಗುಣ. ಜಿ ಇದೆ, ಓದುತ್ತೇನೆ.

ಹಿತ್ತಾಳೆ ಗಡಿಯಾರ:
ಹಾಗಾದರೆ ನಿಮ್ಮ ಫೈಟರ್ ಸೊಂಟದಲ್ಲಿರುವುದು ಕ್ನೈಫ್. ಕುದುರೆಯ ಮೇಲೆ ಬರುವವನು ಕ್ನೈಟ್.

ಬೂದಿಯಾದ ಪುಸ್ತಕ:
ಉಚ್ಚಾರಣೆ ಆಮೇಲೆ. ಪುಸ್ತಕದ ನಕಲು ಮಾಡಿಟ್ಟುಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲವಲ್ಲ!

ನನ್ನವನು ಭವಿಷ್ಯ ನೋಡುವ ಶಾಖೆಯ ಡಿವೈನರ್, ಐದನೇ ಹಂತ, ಪ್ರಾಣ 32. ಕಾಲು ಗಿಡ್ಡ, 25 ಅಡಿಯ ನಡಿಗೆ, ಎಲ್ಲರೂ ಮುಂದೆ ಹೋಗಿ ಕಾಯುತ್ತಿದ್ದರು. ಹಾಗಾಗಿ ಮ್ಯಾಸ್ಟಿಫ್ ನಾಯಿ ಕೊಂಡೆ. ಸಣ್ಣ ಗಾತ್ರದವರು ಮಧ್ಯಮ ಗಾತ್ರದ ಪ್ರಾಣಿಯನ್ನು ಏರಬಹುದು, ಇದು ನೋಮ್‌ಗಿರುವ ಭಾಗ್ಯ. 40 ಅಡಿ ಓಡುತ್ತಿತ್ತು. ತಡಿಯ ಪಕ್ಕದ ಚೀಲದಲ್ಲಿ ನನ್ನ ಮಂತ್ರದ ಪುಸ್ತಕ. ಅದರಲ್ಲಿ 19 ಮಂತ್ರ: ಹಂತ ಏರಿದಾಗ ಬಂದವು 14, ನಕಲು ಮಾಡಿದವು 5. ಆ ಐದಕ್ಕೆ 14 ಗಂಟೆ, 350 ಚಿನ್ನ ಸುರಿದಿದ್ದೆ. ಆಟದ ಹೊರಗೂ ಪುಸ್ತಕ ನಿಜವೇ. ಅವೆನ್ಯೂ ರಸ್ತೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ಕೊಂಡು, ಒಂದೊಂದು ಮಂತ್ರವನ್ನೂ ಕನ್ನಡದಲ್ಲಿ ಬರೆದು, ಅಂಚಿಗೆ ಬಳ್ಳಿ ಬಿಡಿಸಿದ್ದೆ.

ಆ ದಿನದ ಪೋರ್ಟೆಂಟ್ ದಾಳಗಳು, ಅಂದರೆ ಮುಂದೆ ಬೇರೊಂದು ದಾಳದ ಬದಲು ಬಳಸಲು ಮೊದಲೇ ಉರುಳಿಸಿಟ್ಟವು, 3 ಮತ್ತು 17. ಆ 17ನ್ನು ಮಧ್ಯಾಹ್ನವೇ ಛತ್ರದ ಬಾಡಿಗೆ ಚೌಕಾಸಿಗೆ ಖರ್ಚು ಮಾಡಿದ್ದೆ. ಸಂಜೆ ಶತ್ರು ಮಾಂತ್ರಿಕ ಫೈರ್‌ಬಾಲ್ ಎಸೆದ. ನೋಮ್ ಕನಿಂಗ್ ಎಂದು ಬೀಗುವವರು ಕೇಳಿ: ಅದು ಇಂಟೆಲಿಜೆನ್ಸ್, ವಿಸ್ಡಂ, ಕರಿಸ್ಮಾಗೆ ಮಾತ್ರ. ಫೈರ್‌ಬಾಲ್‌ಗೆ ಡೆಕ್ಸ್. ಸೋತೆ. 31 ಪೆಟ್ಟು, ಪ್ರಾಣ 1 ಉಳಿಯಿತು. ನಾಯಿಯ ಪ್ರಾಣವೇ 5, ಅದು ಹೋಯಿತು. ಡಿಎಂ ಪುಸ್ತಕವೂ ಹೋಯಿತು ಎಂದಳು. ಧರಿಸಿದ ಅಥವಾ ಹೊತ್ತ ವಸ್ತುವಿಗೆ ಆ ಬೆಂಕಿ ಹತ್ತುವುದಿಲ್ಲ ಎಂದು ಮಂತ್ರದಲ್ಲೇ ಬರೆದಿದೆ. ನಾಯಿ ಹೊತ್ತಿತ್ತು. ಇಲ್ಲ, ನಾಯಿ ಸತ್ತಿತು, ಸತ್ತದ್ದು ಏನನ್ನೂ ಹೊರುವುದಿಲ್ಲ ಎಂದಳು.

ತಲೆಯಲ್ಲಿದ್ದ ಸಿದ್ಧ ಮಂತ್ರಗಳು 9. ಅವನ್ನಷ್ಟೇ ಹೊಸ ಪುಸ್ತಕಕ್ಕೆ ಬರೆಯಬಹುದು. ರಿಚುಯಲ್‌ಗಳನ್ನು, ಅಂದರೆ ನಿಧಾನವಾಗಿ ವಿಧಿಯಂತೆ ಮಾಡುವ ಮಂತ್ರಗಳನ್ನು, ಮಾಂತ್ರಿಕ ಸಿದ್ಧಪಡಿಸಬೇಕಿಲ್ಲ, ಪುಸ್ತಕ ನೋಡಿ ಮಾಡುತ್ತಾನೆ. ಆದ್ದರಿಂದ ನಾನು ಒಂದನ್ನೂ ಸಿದ್ಧಪಡಿಸಿರಲಿಲ್ಲ. ಫೈಂಡ್ ಫೆಮಿಲಿಯರ್, ಐಡೆಂಟಿಫೈ, ಡಿಟೆಕ್ಟ್ ಮ್ಯಾಜಿಕ್, ಟೈನಿ ಹಟ್, ಎಲ್ಲವೂ ಬೂದಿ. ಆ ಹತ್ತು ಮಂತ್ರಗಳ ಪುಟಗಳಿಗೆ ಡಿಎಂ ನನ್ನ ಕೈಯಿಂದಲೇ ಸ್ಟೇಪ್ಲರ್ ಪಿನ್ ಹೊಡೆಸಿದಳು. ಬಳ್ಳಿಗಳ ಮೇಲೆಯೇ.

ಪರದೆಯ ಹಿಂದಿನವಳು:
ಆ ಡಿಎಂ ನಾನು. ಕೆಂಪು ರಟ್ಟು ಎಂದಾಗಲೇ ಗುರುತು ಸಿಕ್ಕಿತು.

ಇವರು ಹೇಳದ ಲೆಕ್ಕ ಹೇಳುತ್ತೇನೆ. ಮಂತ್ರಗಳ ಹಂತ ಕೂಡಿದರೆ 29. ಸ್ವಂತ ಪುಸ್ತಕದ ನಕಲಿಗೆ ಹಂತಕ್ಕೆ 10ರಂತೆ 290 ಚಿನ್ನ, ಖಾಲಿ ಪುಸ್ತಕಕ್ಕೆ 50. ಒಟ್ಟು 340. ಇವರ ಕೈಯಲ್ಲಿ 410 ಇತ್ತು. ನಕಲು ಮಾಡುತ್ತೀರಾ ಎಂದು ಎರಡು ಬಾರಿ ಕೇಳಿದೆ. ಇವರು ನಾಯಿಗೆ 25, ಯುದ್ಧದ ತಡಿಗೆ 20, ಚೀಲಕ್ಕೆ 4, ನಾಯಿಯ ಚರ್ಮದ ಕವಚಕ್ಕೆ 40 ಕೊಟ್ಟರು. ಉಳಿದದ್ದು 321. ನಕಲಿಗೆ 19 ಚಿನ್ನ ಕಡಿಮೆ ಬಿತ್ತು. ಕವಚ ಬಿಟ್ಟಿದ್ದರೆ ಪುಸ್ತಕ ಉಳಿಯುತ್ತಿತ್ತು. ಪುಸ್ತಕವನ್ನು ಬೆನ್ನಿಗೆ ಕಟ್ಟಿಕೊಂಡಿದ್ದರೆ ಖರ್ಚಿಲ್ಲದೆ ಉಳಿಯುತ್ತಿತ್ತು.

ಪೆಟ್ಟಿಗೆಯವರೇ, ನಿಮ್ಮ ಡಿಎಂ ಏಳು ಆ್ಯಕ್ಷನ್ ದಾನ ಮಾಡಿದ್ದಾರೆ. ಅವರಿಗೆ ಒಂದು ಕಾಫಿ ಕೊಡಿಸಿ.

ಬೂದಿಯಾದ ಪುಸ್ತಕ:
ಬೆಂಕಿ ಹತ್ತುವುದೂ ಪೆಟ್ಟು ಬೀಳುವುದೂ ಒಂದೇ ಕ್ಷಣ. ಆ ಕ್ಷಣದಲ್ಲಿ ನಾಯಿ ಬದುಕಿತ್ತು.

ತಂಬೋಲ ಕಾಲದವನು:
ಚೀಲ ತಡಿಗೆ ಕಟ್ಟಿತ್ತು, ತಡಿ ನಾಯಿಯ ಮೈಮೇಲಿತ್ತು. ಹೊತ್ತದ್ದಲ್ಲ, ಧರಿಸಿದ್ದು. ಸತ್ತ ಮೇಲೂ ಧರಿಸಿಯೇ ಇರುತ್ತದೆ. ಹೆಣದ ಮೈಮೇಲೆ ಅಂಗಿ ಇರುವುದಿಲ್ಲವೇ? ತೀರ್ಪು ತಪ್ಪು.

ಪರದೆಯ ಹಿಂದಿನವಳು:
ಹೆಣ ಒಂದು ವಸ್ತು. ವಸ್ತು ಅಂಗಿ ಧರಿಸುವುದಿಲ್ಲ. ತಂಬೋಲ ಚೀಲದಲ್ಲಿ ಬೀಜ ತಡವಿ ಬಿಟ್ಟವರಿಂದ ನಾನು ನಿಯಮ ಕಲಿಯಬೇಕಿಲ್ಲ.

ಹನ್ನೊಂದು ನಿಮಿಷ:
ನಾಯಿಯ ಶ್ರಾದ್ಧ ಮುಗಿದರೆ ಒಂದು ಮಾತು. ರಕ್ಷಣೆಯ ಶಾಖೆ ಅಬ್ಜುರೇಷನ್ ಹಿಡಿಯಿರಿ. ಎರಡನೇ ಹಂತದಲ್ಲಿ ರಕ್ಷಾಕವಚ 4, ಜೊತೆಗೆ ಇಂಟೆಲಿಜೆನ್ಸ್‌ನ 3, ಒಟ್ಟು 7. ಅದು ಖಾಲಿಯಾದರೆ ಅಲಾರ್ಮ್ ಮಂತ್ರವನ್ನು ರಿಚುಯಲ್ ಆಗಿ ಮಾಡುತ್ತ ಕೂರುವುದು. ಒಂದಕ್ಕೆ 11 ನಿಮಿಷ, ಪ್ರತಿಸಲ 2 ಮರಳುತ್ತದೆ. ನಾಲ್ಕು ಸಲ, 44 ನಿಮಿಷ. ನಮ್ಮ ರೋಗ್ ಪ್ರತಿ ಕೋಣೆಯ ನಂತರವೂ ನನ್ನನ್ನು ಕಾಯಬೇಕಾಗಿ ಬಂದು ಕೊನೆಗೆ ಗುಂಪೇ ಬಿಟ್ಟ. ನಾನು ಮಾತ್ರ ಸಾಯಲಿಲ್ಲ.

ಚನ್ನಪಟ್ಟಣದ ಬೊಂಬೆ:
ನಕ್ಷೆಯ ಮೇಲೆ ಪಾತ್ರದ ಜಾಗ ತೋರಿಸಲು ಇಡುವ ಬೊಂಬೆಯ ಖರ್ಚನ್ನು ಯಾರೂ ಎತ್ತಲಿಲ್ಲ. ಹೊರದೇಶದಿಂದ 28 ಮಿಲಿಮೀಟರಿನ ನೋಮ್ ತರಿಸಿದೆ. ಬೊಂಬೆಗೆ 1,150 ರೂಪಾಯಿ, ಸಾಗಣೆ ಮತ್ತು ಸುಂಕ ಸೇರಿ ಅದಕ್ಕಿಂತ ಹೆಚ್ಚು. ಏಳು ವಾರ ಕಾದೆ. ಬಂದಾಗ ದಂಡ ಮುರಿದಿತ್ತು, ಮೂಗೂ ಇರಲಿಲ್ಲ. ಸಿಟ್ಟಿನಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆ ಇಟ್ಟೆ. ನಾಲ್ಕು ಇಂಚು. ನಕ್ಷೆಯಲ್ಲಿ ಒಂದು ಇಂಚಿಗೆ 5 ಅಡಿ, ಅಂದರೆ ನನ್ನ ನೋಮ್ 20 ಅಡಿ ಎತ್ತರ. ವಾಮನನಾಗಿ ಬಂದವನು ತ್ರಿವಿಕ್ರಮನಾದ ಎಂದು ಇಡೀ ಮೇಜು ನಕ್ಕಿತು. ಡ್ರ್ಯಾಗನ್ ಅವನ ಮೊಣಕಾಲಿಗೆ ಬರುತ್ತಿತ್ತು.

ಐದು ಅಡಿಯ ಪೆಟ್ಟಿಗೆ:
ಮನೆಯಲ್ಲಿ ಏನು ಆಡುತ್ತೀಯ ಎಂದು ಕೇಳಿದಾಗ ಮಾಂತ್ರಿಕ ಎಂದು ಹೇಳಿ. ನಾನು ಬಾಯಿತಪ್ಪಿ ಮಂತ್ರವಾದಿ ಎಂದೆ. ಅತ್ತೆ ಕೊಳ್ಳೇಗಾಲದ ಕಡೆಯವರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಮೂರನೆಯ ದಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು.

ಮಲ್ಲೇಶ್ವರದ ಹೊಸಬ:
ಎಲ್ಲರಿಗೂ ಧನ್ಯವಾದ. ಕಾನ್ 14 ಖಚಿತ. ಶಾಖೆಯನ್ನು ಇನ್ನೂ ನಿರ್ಧರಿಸಿಲ್ಲ. ನಮ್ಮ ಡಿಎಂ ಆರಂಭದ ಹಣಕ್ಕೆ ದಾಳ ಉರುಳಿಸಲು ಹೇಳಿದರು, 110 ಚಿನ್ನ ಬಂದಿದೆ. ಪುಸ್ತಕಕ್ಕೆ 50 ಹೋದರೆ 60 ಉಳಿಯುತ್ತದೆ. ಆ ನಾಯಿಗೆ 25 ಎಂದಿರಲ್ಲ, ತಡಿ ಸೇರಿಯೇ?

ಪರದೆಯ ಹಿಂದಿನವಳು:
ಬೇಡ.

ಬೂದಿಯಾದ ಪುಸ್ತಕ:
ತಡಿ ಬೇರೆ. ಯುದ್ಧದ್ದು ಬೇಡ, ಸವಾರಿಯ ತಡಿ 10ಕ್ಕೆ ಸಿಗುತ್ತದೆ. ಹೆಸರು ಮೊದಲೇ ಇಟ್ಟುಬಿಡಿ. ನಾನು ನಾಳೆ ಇಡುತ್ತೇನೆ ಎಂದುಕೊಂಡಿದ್ದೆ.